ಮೂರನೇ ವಾರದ ಆಟಿಕೆ

ನಿಂಬೆಹಣ್ಣಿನ ಗಾತ್ರದ ಮರದ ಬುಗುರಿಯೊಂದು ನಮ್ಮ ಮನೆಯ ದಿವಾನದ ಅಡಿಯಿಂದ ದಿನಕ್ಕೆ ನಾಲ್ಕು ಸಲವಾದರೂ ಹೊರಗೆ ಬರುತ್ತದೆ. ನಾಲ್ಕೂವರೆ ವರ್ಷದ ಮಗಳು ನೆಲಕ್ಕೆ ಕೆನ್ನೆ ಹಚ್ಚಿ ಮಲಗಿ, ಅಡಿಕೋಲು ತೂರಿಸಿ ಅದನ್ನು ಎಳೆದುಕೊಂಡು, ಮತ್ತೆ ಎರಡು ಬೆರಳಲ್ಲಿ ಹಿಡಿದು ತಿರುಗಿಸುತ್ತಾಳೆ. ಹಳದಿ ಮೈ, ನಡುವೆ ಕೆಂಪು ಚುಕ್ಕಿಗಳು. ಜೋರಾಗಿ ತಿರುಗುವಾಗ ಚುಕ್ಕಿಗಳೆಲ್ಲ ಸೇರಿ ಒಂದು ಗೆರೆಯಾಗುತ್ತವೆ, ಸುಸ್ತಾದಾಗ ಮತ್ತೆ ಚುಕ್ಕಿಗಳಾಗಿ ಬಿಡಿಬಿಡಿಯಾಗುತ್ತವೆ. ಅದು ಬಂದು ಇವತ್ತಿಗೆ ಇಪ್ಪತ್ತಾರು ದಿನ. ಅದೇ ವಾರ ಉಡುಗೊರೆಯಾಗಿ ಬಂದ, ಗುಂಡಿ ಒತ್ತಿದರೆ ಹಾಡುವ ನಾಯಿ ಮೂರನೇ ದಿನಕ್ಕೇ ಮೂಲೆ ಸೇರಿತು.

ಮಕ್ಕಳ ಸಾಮಾನಿನ ವಿಷಯದಲ್ಲಿ ನಾನು ನಂಬಿರುವ ಪರೀಕ್ಷೆ ಒಂದೇ. ಮೂರನೇ ವಾರದಲ್ಲಿ, ಯಾರೂ ಹೇಳದೆ, ಮಗು ತಾನಾಗಿ ಅದನ್ನು ಹುಡುಕಿಕೊಂಡು ಹೋಗುತ್ತದೆಯೇ? ಮೊದಲ ದಿನದ ಖುಷಿಯಲ್ಲಿ ಅರ್ಧ ಡಬ್ಬ ಬಿಚ್ಚುವ ಖುಷಿ. ಮೂರನೇ ವಾರದ ಹೊತ್ತಿಗೆ ಆಟಿಕೆ ತನ್ನಲ್ಲಿದ್ದ ಚಮತ್ಕಾರವನ್ನೆಲ್ಲ ತೋರಿಸಿ ಮುಗಿಸಿರುತ್ತದೆ. ಆಮೇಲೆ ಮಗು ತನ್ನ ಕಡೆಯಿಂದ ಏನು ಸೇರಿಸಬಲ್ಲದು ಅನ್ನುವುದರ ಮೇಲೆ ಅದರ ಆಯುಸ್ಸು. ತಾನೇ ಹಾಡಿ ತಾನೇ ಕುಣಿಯುವ ನಾಯಿಗೆ ಮಗು ಸೇರಿಸಬೇಕಾದ್ದು ಏನೂ ಇಲ್ಲ. ಬುಗುರಿಯಾದರೋ, ಮಗು ಕೈ ಹಾಕುವ ತನಕ ಬರೀ ಮರದ ತುಂಡು.

ಬುಗುರಿ ಬಂದದ್ದು ಚನ್ನಪಟ್ಟಣದಿಂದ. ಬೆಂಗಳೂರಿನಿಂದ ಸುಮಾರು ಅರವತ್ತು ಕಿಲೋಮೀಟರ್. ಹೊಸ ಹೆದ್ದಾರಿ ಈಗ ಊರನ್ನು ಬಳಸಿಕೊಂಡು ಹೋಗುವುದರಿಂದ, ಬಿಡದಿ ದಾಟಿದ ಮೇಲೂ ಹಳೇ ಮೈಸೂರು ರಸ್ತೆಯಲ್ಲೇ ಉಳಿಯಬೇಕು. ರಸ್ತೆಬದಿಯ ಅಂಗಡಿಗಳ ಸಾಲಿನಲ್ಲಿ ನಿಂತು ಕೊಂಡು ಬರುವುದು ಸುಲಭ. ಆದರೆ ಮಕ್ಕಳನ್ನು ಕರೆದುಕೊಂಡು ಹೋದವರು ಊರೊಳಗೆ ಲೇತು ತಿರುಗುವ ಒಂದು ಮನೆ ಹುಡುಕಿ, ಕೆಲಸ ನೋಡಬಹುದೇ ಎಂದು ಕೇಳಿ. ನಾವು ಕೇಳಿದ ಕಡೆ ಬೇಡ ಅನ್ನಲಿಲ್ಲ.

ಹಿರಿಯರೊಬ್ಬರು ಲೇತಿನ ಮುಂದೆ ಕೂತಿದ್ದರು. ಹಾಲೆ ಮರದ ತುಂಡು. ಅಲ್ಲಿಯವರ ಬಾಯಲ್ಲಿ ಅದು ಆಲೆ ಮರ. ಹಾಲಿನಂತೆ ಬಿಳಿ, ಮೃದು. ತಿಂಗಳುಗಟ್ಟಲೆ ಒಣಗಿಸಿ ಆಮೇಲೆ ಕೆಲಸಕ್ಕೆ ಎತ್ತಿಕೊಳ್ಳುತ್ತಾರೆ. ತಿರುಗುವ ತುಂಡಿಗೆ ಉಳಿ ತಾಗಿದೊಡನೆ ಸಿಪ್ಪೆ ಸುರುಳಿ ಸುರುಳಿಯಾಗಿ ಅವರ ತೊಡೆಯ ಮೇಲೆ ಬಿತ್ತು. ಮಗಳು ಅದನ್ನು ಆರಿಸಿ ಕಿವಿಗೆ ಸಿಕ್ಕಿಸಿಕೊಂಡಳು. ನಾಲ್ಕೈದು ನಿಮಿಷದಲ್ಲಿ ಬುಗುರಿಯ ಹೊಟ್ಟೆ, ಕುತ್ತಿಗೆ, ಹಿಡಿಕೆ ಎಲ್ಲ ಮೂಡಿದವು. ಆಮೇಲೆ ಅವರು ಹಳದಿ ಅರಗಿನ ಕಡ್ಡಿಯೊಂದನ್ನು ತಿರುಗುತ್ತಿದ್ದ ಮರಕ್ಕೆ ಒತ್ತಿ ಹಿಡಿದರು. ಒಲೆಯಿಲ್ಲ, ಕುಂಚವಿಲ್ಲ. ಉಜ್ಜುವಾಗ ಹುಟ್ಟುವ ಬಿಸಿಗೇ ಅರಗು ಕರಗಿ ಮರಕ್ಕೆ ಹತ್ತಿಕೊಳ್ಳುತ್ತದೆ. ಬಿಳಿ ಮರ ಕಣ್ಣೆದುರೇ ಹಳದಿಯಾಯಿತು.

"ತಾತ, ಬಣ್ಣ ಎಲ್ಲಿಂದ ಬಂತು?"

"ಕಡ್ಡಿಯಾಗೇ ಐತಲ್ಲ ಪುಟ್ಟಿ. ಇಸ್ಕೊಂಡು ಮರಕ್ಕೆ ಕೊಡ್ತಾ ಇವ್ನಿ."

ಕೊನೆಗೆ ಕೇದಗೆಯ ಗರಿಯೊಂದನ್ನು ಮಡಿಸಿ ಬುಗುರಿಯ ಮೈಗೆ ಒತ್ತಿದರು. ಮಂಕಾಗಿದ್ದ ಹಳದಿ ಒಮ್ಮೆಲೇ ಹೊಳೆಯಿತು. ಲೇತಿನಿಂದ ಬಿಡಿಸಿ ಅವಳ ಅಂಗೈಗೆ ಇಟ್ಟಾಗ ಅದಿನ್ನೂ ಬಿಸಿಯಾಗಿತ್ತು. ಆಟಿಕೆ ಹುಟ್ಟುವಾಗ ಬಿಸಿಯಿರುತ್ತದೆ ಎಂಬ ಸಂಗತಿಯನ್ನು ಅವಳು ಶಾಲೆಯಲ್ಲಿ, ಮನೆ ಮಹಡಿಯಲ್ಲಿ, ಫೋನಿನಲ್ಲಿ ಅಜ್ಜಿಗೆ, ಎಲ್ಲರಿಗೂ ಹೇಳಿ ಮುಗಿಸಿದ್ದಾಳೆ.

ಕೊಳ್ಳುವವರಿಗೆ ಒಂದು ಮಾತು. 2021ರ ಜನವರಿ 1ರಿಂದ ಮಕ್ಕಳ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯವಾಗಿದೆ. ಚನ್ನಪಟ್ಟಣದ ಆಟಿಕೆಗಳಂತೆ ಭೌಗೋಳಿಕ ಸೂಚಕ ಪಡೆದ, ನೋಂದಾಯಿತ ಕುಶಲಕರ್ಮಿಗಳು ಮಾಡುವ ವಸ್ತುಗಳಿಗೆ ಅದರಿಂದ ವಿನಾಯಿತಿ ಇದೆ. ಹಾಗಾಗಿ ಅಲ್ಲಿ ಗುರುತು ಕಾಣದಿದ್ದರೆ ಗಾಬರಿ ಬೇಡ. ಆದರೆ ಬಣ್ಣ ಯಾವುದು ಎಂದು ಕೇಳಲೇಬೇಕು. ಅರಿಶಿನ, ನೀಲಿಯಂಥ ಸಸ್ಯದ ಬಣ್ಣ ಬೆರೆಸುವವರೂ ಇದ್ದಾರೆ, ರಾಸಾಯನಿಕ ಬಣ್ಣ ಬಳಸುವವರೂ ಇದ್ದಾರೆ. ಹಲ್ಲು ಬರುವ ಮಗುವಿಗೆ ಗಿಲಕಿ ತರುವಾಗ ಈ ವ್ಯತ್ಯಾಸ ದೊಡ್ಡದು. ಅದು ಆಡುವುದು ಕೈಯಲ್ಲಲ್ಲ, ಬಾಯಲ್ಲಿ.

ನಾನು ಇಷ್ಟು ಒತ್ತಿ ಹೇಳಲು ಕಾರಣವಿದೆ. ಮೂಲೆ ಸೇರಿದ ಆ ನಾಯಿಯ ಹೊಟ್ಟೆಯ ಮುಚ್ಚಳ ಒಂದು ಮಧ್ಯಾಹ್ನ ಕಳಚಿಕೊಂಡಿತ್ತು. ಹನ್ನೊಂದು ತಿಂಗಳ ಮಗ ನಾಣ್ಯದಂಥ ಗುಂಡಿ ಬ್ಯಾಟರಿಯನ್ನು ಎರಡು ಬೆರಳಲ್ಲಿ ಹಿಡಿದು ಬೆಳಕಿಗೆ ತೋರಿಸಿ ನೋಡುತ್ತಿದ್ದ. ಅಡುಗೆಮನೆಯಿಂದ ನಾನು ಓಡಿ ಬಂದ ಆ ಆರು ಹೆಜ್ಜೆ ನನಗೆ ಇವತ್ತಿಗೂ ಮರೆತಿಲ್ಲ. ಗುಂಡಿ ಬ್ಯಾಟರಿ ಗಂಟಲಲ್ಲಿ ಸಿಕ್ಕಿಕೊಂಡರೆ ಎರಡೇ ಗಂಟೆಯೊಳಗೆ ಅನ್ನನಾಳವನ್ನು ಸುಡಬಲ್ಲದು. ನುಂಗಿದ ಅನುಮಾನ ಬಂದರೂ ಸಾಕು, ಕಾಯದೆ ಆಸ್ಪತ್ರೆಗೆ ಹೊರಡಬೇಕು. ಅಂದಿನಿಂದ, ಬ್ಯಾಟರಿಯ ಮುಚ್ಚಳಕ್ಕೆ ಸ್ಕ್ರೂ ಇಲ್ಲದ ಯಾವ ಸಾಮಾನೂ ನಮ್ಮ ಹೊಸ್ತಿಲು ದಾಟುವುದಿಲ್ಲ, ಎಷ್ಟೇ ಹತ್ತಿರದವರು ತಂದುಕೊಟ್ಟರೂ. ಮೂರು ವರ್ಷದೊಳಗಿನ ಮಗು ಇರುವ ಮನೆಗೆ ಇನ್ನೊಂದು ಅಳತೆ: ಮೂರು ಸೆಂಟಿಮೀಟರಿಗಿಂತ ಸ್ವಲ್ಪ ಹೆಚ್ಚು ಅಗಲದ ಕೊಳವೆಯೊಳಗೆ ಪೂರ್ತಿ ಇಳಿದುಬಿಡುವ ಯಾವ ಆಟಿಕೆಯೂ, ಅದರ ಯಾವ ಭಾಗವೂ ಕೈಗೆ ಸಿಗಬಾರದು.

ಮಗ ಈಗ ಗೋಡೆ ಹಿಡಿದು ನಿಲ್ಲುತ್ತಾನೆ. ಅವನಿಗೆಂದು ಚನ್ನಪಟ್ಟಣದಿಂದಲೇ ತಂದದ್ದು ನಿಂತು ತಳ್ಳಿಕೊಂಡು ನಡೆಯುವ ಮೂರು ಗಾಲಿಯ ಮರದ ಗಾಡಿ. ನಮ್ಮ ಅತ್ತೆಯವರು ಅದನ್ನು ಕಂಡು, ತಮ್ಮ ತವರಿನ ಅಟ್ಟದಲ್ಲಿ ಇಂಥದ್ದೇ ಒಂದು ಇತ್ತೆಂದು, ಅದರಲ್ಲಿ ಏಳು ಮಕ್ಕಳು ನಡೆ ಕಲಿತರೆಂದು ಬೆರಳು ಮಡಿಸಿ ಲೆಕ್ಕ ಹೇಳಿದರು. ಒಳಗೆ ಕೂರಿಸುವ ಪ್ಲಾಸ್ಟಿಕ್ಕಿನ ವಾಕರ್ ಬೇರೆ, ಇದು ಬೇರೆ. ಕೂರಿಸುವ ವಾಕರಿನಲ್ಲಿ ಮಗು ತನ್ನ ಭಾರ ತಾನು ಹೊರುವುದಿಲ್ಲ. ಮೆಟ್ಟಿಲ ಬಳಿಗೆ, ಒಲೆಯ ಬಳಿಗೆ ಕಣ್ಣುಮುಚ್ಚಿ ತೆಗೆಯುವಷ್ಟರಲ್ಲಿ ಉರುಳಿಕೊಂಡು ಹೋಗುತ್ತದೆ. ಕೆನಡಾ ದೇಶ 2004ರಲ್ಲಿ ಅದರ ಮಾರಾಟವನ್ನೇ ನಿಷೇಧಿಸಿತು. ನಿಂತು ತಳ್ಳುವ ಗಾಡಿಯಲ್ಲಿ ಮಗು ನಿಂತರಷ್ಟೇ ಗಾಡಿ ಮುಂದಕ್ಕೆ. ಮಗ ಸದ್ಯಕ್ಕೆ ಎರಡು ಹೆಜ್ಜೆ ಇಟ್ಟು ಕುಕ್ಕರಿಸಿ, ಗಾಲಿಯನ್ನು ಬೆರಳಲ್ಲಿ ತಿರುಗಿಸುತ್ತಾ ಕೂರುತ್ತಾನೆ. ಅವಸರವಿಲ್ಲ.

ಇನ್ನು ಪುಸ್ತಕ. ಇಲ್ಲಿ ನನ್ನ ಪ್ರೀತಿಯೂ ದೊಡ್ಡದು, ತಕರಾರೂ ದೊಡ್ಡದು. ಕನ್ನಡದ ಪುಟಾಣಿಗಳಿಗೆ ಇವತ್ತು ಇಪ್ಪತ್ತು ವರ್ಷದ ಹಿಂದೆ ಇಲ್ಲದಷ್ಟು ಚಿತ್ರಪುಸ್ತಕಗಳಿವೆ. ಬೆಂಗಳೂರಿನಲ್ಲಿ 2004ರಲ್ಲಿ ಶುರುವಾದ ಪ್ರಥಮ್ ಬುಕ್ಸ್ ಕಡಿಮೆ ಬೆಲೆಯ ಪುಸ್ತಕಗಳನ್ನು ಹಳ್ಳಿ ಶಾಲೆಗಳವರೆಗೆ ಮುಟ್ಟಿಸಿತು. ಅವರ ಸ್ಟೋರಿವೀವರ್‌ನಲ್ಲಿ 2015ರಿಂದ ಕನ್ನಡವೂ ಸೇರಿ ಹಲವು ಭಾಷೆಗಳ ಕಥೆಗಳು ಬಿಟ್ಟಿಯಾಗಿ ಸಿಗುತ್ತಿವೆ, ಅಚ್ಚು ಹಾಕಿಸಿಕೊಳ್ಳಲೂ ಅಡ್ಡಿಯಿಲ್ಲ. ಚೆನ್ನೈನ ತೂಲಿಕಾ ಪ್ರಕಾಶನ ಕೂಡ ಕನ್ನಡದಲ್ಲಿ ಪುಸ್ತಕ ತರುತ್ತದೆ. ಚಿತ್ರಗಳು ಒಂದಕ್ಕಿಂತ ಒಂದು ಚೆಂದ. ನಮ್ಮ ಬೀದಿಯ ತಳ್ಳುಗಾಡಿ, ನಮ್ಮ ಮನೆಯ ಒರಳು ಪುಟದ ಮೇಲೆ ಬಂದು ಕೂತಿರುತ್ತವೆ.

ತಕರಾರು ಮಾತಿನದು. ಬೇರೆ ಭಾಷೆಯಿಂದ ಬಂದ ಪುಸ್ತಕಗಳಲ್ಲಿ ಎಷ್ಟೋ ಸಲ ವಾಕ್ಯ ನಾಲಿಗೆಯ ಮೇಲೆ ಹೊರಳುವುದೇ ಇಲ್ಲ. "ಅವಳು ಸಂತೋಷಗೊಂಡಳು" ಎಂದು ಯಾವ ಅಜ್ಜಿ ಮಗುವಿಗೆ ಕಥೆ ಹೇಳುತ್ತಾಳೆ? ಮಗುವಿಗೆ ಮೊದಲು ಭಾಷೆ ಬರುವುದು ಕಿವಿಯಿಂದ. ನಾನು ಅಂಗಡಿಯಲ್ಲೇ ನಿಂತು ಎರಡು ಪುಟ ಗಟ್ಟಿಯಾಗಿ ಓದಿ ನೋಡುತ್ತೇನೆ. ನಾಲಿಗೆ ಎಡವಿದರೆ ಪುಸ್ತಕ ವಾಪಸ್ ಕಪಾಟಿಗೆ. ಇನ್ನೊಂದು ಕೊರತೆ, ಮಗುವಿನ ಹಲ್ಲಿಗೂ ಜೊಲ್ಲಿಗೂ ತಡೆಯುವ ದಪ್ಪ ರಟ್ಟಿನ ಪುಟಗಳ ಪುಸ್ತಕ. ಇಂಗ್ಲಿಷಿನಲ್ಲಿ ರಾಶಿ ಬಿದ್ದಿರುತ್ತವೆ. ಕನ್ನಡದಲ್ಲಿ ಕೇಳಿದರೆ ಅಂಗಡಿಯವರು ಅಕ್ಷರಮಾಲೆಯನ್ನೋ ಹಣ್ಣು-ತರಕಾರಿಯ ಪಟ್ಟಿಯನ್ನೋ ತೆಗೆದಿಡುತ್ತಾರೆ. ಒಂದು ವರ್ಷದ ಮಗುವಿಗೂ ಕಥೆ ಬೇಕು. ಬೆಕ್ಕು ಬಂತು, ಹಾಲು ಕುಡಿಯಿತು, ಹೋಯಿತು: ಅಷ್ಟು ಸಾಕು. ನಮ್ಮ ಪ್ರಕಾಶಕರು ದಯವಿಟ್ಟು ಇದನ್ನು ಮಾಡಬೇಕು.

ಮಾತೇ ಇಲ್ಲದ, ಬರೀ ಚಿತ್ರದ ಪುಸ್ತಕ ಒಂದನ್ನಾದರೂ ಮನೆಯಲ್ಲಿಡಿ. ರಾತ್ರಿ ನಾನು ಓದಿ ಹೇಳುವ ಪುಸ್ತಕದಲ್ಲಿ ಒಂದು ಪದ ಬಿಟ್ಟರೂ ಮಗಳು ತಡೆಯುತ್ತಾಳೆ. ಚಿತ್ರದ ಪುಸ್ತಕದಲ್ಲಿ ಹೇಳುವವಳು ಅವಳು, ಕೇಳುವವಳು ನಾನು. ಒಂದೇ ಮೇಕೆ ಒಂದು ರಾತ್ರಿ ಸಂತೆಗೆ ಹೋಗಿರುತ್ತದೆ, ಮರುರಾತ್ರಿ ಅಮ್ಮನನ್ನು ಹುಡುಕುತ್ತಿರುತ್ತದೆ.

ಪರದೆಯ ವಿಷಯ ಚುಟುಕಾಗಿ ಹೇಳಿಬಿಡುತ್ತೇನೆ. ಎರಡು ವರ್ಷದೊಳಗೆ ಬೇಡವೇ ಬೇಡ, ಎರಡರಿಂದ ನಾಲ್ಕರವರೆಗೆ ದಿನಕ್ಕೆ ಒಂದು ಗಂಟೆ ಮೀರಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ. ನಮ್ಮ ಮನೆಯಲ್ಲೂ ಅಷ್ಟೇ.

ಅದರ ಬದಲಿಗೆ ನಾಟಕಕ್ಕೆ ಕರೆದುಕೊಂಡು ಹೋಗಿ. ಮೊದಲ ಸಲ ದೀಪ ಆರಿದಾಗ ಮಗಳು ನನ್ನ ಬಳೆಗಳ ಸಮೇತ ಮುಂಗೈ ಹಿಡಿದುಕೊಂಡಳು. ಆಮೇಲೆ ನಟನೊಬ್ಬ ಹೆಗಲ ಮೇಲಿನ ಟವೆಲನ್ನು ಗಂಟು ಹಾಕಿ, ಎರಡು ಕಿವಿ ಎಳೆದು, ಮೊಲ ಮಾಡಿದ. ಅದು ಟವೆಲು ಎಂದು ಅವಳಿಗೆ ಗೊತ್ತು. ಆದರೂ ಅದು ಹಸಿದಿದೆ ಎಂದಾಗ ಎದ್ದು ನಿಂತು, "ನಮ್ ಹತ್ರ ಬಿಸ್ಕತ್ ಇದೆ!" ಎಂದು ಕೂಗಿದಳು. ಈಗ ನನ್ನ ದುಪಟ್ಟಾಗಳಿಗೆಲ್ಲ ಗಂಟು ಬಿದ್ದಿದೆ. ಬೆಂಗಳೂರಿನವರು ಜೆ.ಪಿ. ನಗರದ ರಂಗಶಂಕರದ 'ಆಹಾ!' ಮಕ್ಕಳ ರಂಗಭೂಮಿಯ ಮೇಲೆ ಕಣ್ಣಿಟ್ಟಿರಿ. ತೀರಾ ಸಣ್ಣ ಮಕ್ಕಳಿಗೆಂದೇ ಕಟ್ಟಿದ ನಾಟಕಗಳೂ ಅಲ್ಲಿ ಬರುತ್ತವೆ. ತಡವಾಗಿ ಹೋದರೆ ಅಲ್ಲಿ ಬಾಗಿಲು ತೆರೆಯುವುದಿಲ್ಲ, ಆದ್ದರಿಂದ ಅರ್ಧ ಗಂಟೆ ಮುಂಚೆಯೇ ತಲುಪಿ. ಮೈಸೂರಿನವರಿಗೆ ಬೇಸಿಗೆಯಲ್ಲಿ ರಂಗಾಯಣದ ಚಿಣ್ಣರ ಮೇಳವಿದೆ. ಅದು ಸ್ವಲ್ಪ ದೊಡ್ಡ ಮಕ್ಕಳಿಗೆ.

ರೈಲಿನ ಹುಚ್ಚಿರುವ ಮಕ್ಕಳಿಗೆ ಕಬ್ಬನ್ ಪಾರ್ಕಿನ ಬಾಲಭವನದ ಪುಟಾಣಿ ಎಕ್ಸ್‌ಪ್ರೆಸ್ (ಓಡುತ್ತಿದೆಯೇ ಎಂದು ವಿಚಾರಿಸಿಕೊಂಡು ಹೋಗಿ), ಮೈಸೂರಿನಲ್ಲಿ 1979ರ ರೈಲು ಮ್ಯೂಸಿಯಂ. ಎರಡರಲ್ಲಿ ನನ್ನ ಮತ ಮೈಸೂರಿಗೆ. ಮಹಾರಾಣಿಯವರ ಡಬ್ಬಿಯ ಕಿಟಕಿಗೆ ಮೂಗು ಒತ್ತಿ ನಿಂತ ಮಗುವನ್ನು ಅಲ್ಲಿಂದ ಎಬ್ಬಿಸುವುದು ಕಷ್ಟ.

ಆದರೆ ಈ ಋತುವಿನ ನನ್ನ ಆಯ್ಕೆ ಕೊಕ್ಕರೆ ಬೆಳ್ಳೂರು. ಚನ್ನಪಟ್ಟಣಕ್ಕೆ ಹೋದ ದಿನವೇ ಮುಂದುವರಿದು, ಮದ್ದೂರಿಗೆ ಮುನ್ನ ರುದ್ರಾಕ್ಷಿಪುರದಲ್ಲಿ ಎಡಕ್ಕೆ ತಿರುಗಿದೆವು. ಸಣ್ಣ ಮಕ್ಕಳಿಗೆ ಪಕ್ಷಿಧಾಮವೆಂದರೆ ಸಾಮಾನ್ಯವಾಗಿ ದೂರದ ಚುಕ್ಕೆಗಳು ಮತ್ತು 'ಮಾತಾಡಬೇಡ' ಎನ್ನುವ ದೊಡ್ಡವರು. ಇಲ್ಲಿ ಹಾಗಲ್ಲ. ಹಕ್ಕಿಗಳು ಊರೊಳಗೇ, ಮನೆಗಳ ಪಕ್ಕದ ಹುಣಸೆ ಮರದ ಮೇಲೆ, ಅರಳಿ ಮರದ ಮೇಲೆ ಗೂಡು ಕಟ್ಟುತ್ತವೆ. ದುರ್ಬೀನು ಬೇಕಿಲ್ಲ. ಕೆಳಗೆ ಹಸು, ಪಾತ್ರೆ ತೊಳೆಯುವ ಸದ್ದು, ಸೈಕಲ್ಲು. ಮೇಲೆ ಹೆಜ್ಜಾರ್ಲೆ ಮತ್ತು ಬಣ್ಣದ ಕೊಕ್ಕರೆಗಳ ಸಂಸಾರ. ಚಳಿಗಾಲದಲ್ಲಿ ಬಂದು, ಮರಿ ಮಾಡಿ, ಮಳೆಗಾಲ ಶುರುವಾಗುವ ಹೊತ್ತಿಗೆ ಹೊರಡುತ್ತವೆ. ಬಾಣಂತನಕ್ಕೆ ತವರಿಗೆ ಬರುವ ಹೆಣ್ಣುಮಕ್ಕಳು ಎಂದೇ ಊರವರು ಅವನ್ನು ಕಾಪಾಡಿಕೊಂಡು ಬಂದಿದ್ದಾರೆ. ಮರದಡಿ ಗುಂಡಿ ತೋಡಿ ಹಿಕ್ಕೆಯನ್ನು ಕೆರೆಗೋಡಿನ ಜೊತೆ ಬೆರೆಸಿ ಗೊಬ್ಬರ ಮಾಡುವ ರೂಢಿಯೂ ಇಲ್ಲಿಯದು. ಟೋಪಿ ಮರೆಯಬೇಡಿ, ಗೊಬ್ಬರ ಎಲ್ಲಿಂದ ಬರುತ್ತದೆಂದು ನಮ್ಮ ಮಗಳಿಗೆ ತಲೆಯ ಮೇಲೆಯೇ ಗೊತ್ತಾಯಿತು.

ಒಂದು ಹೆಜ್ಜಾರ್ಲೆ ಮರಿ ತಾಯಿಯ ಬಾಯೊಳಗೆ, ಆ ದೊಡ್ಡ ಚೀಲದೊಳಗೆ, ಕುತ್ತಿಗೆಯವರೆಗೂ ತಲೆ ತೂರಿಸಿ ಊಟ ಮಾಡುತ್ತಿತ್ತು. "ಅಮ್ಮ ನುಂಗ್ತಾ ಇದಾಳೆ!" ಎಂದು ಮಗಳು ಹೆದರಿದಳು. ಮರಿ ತಲೆ ಹೊರತೆಗೆದ ಮೇಲೆ ಉಸಿರು ಬಿಟ್ಟಳು. ಮರಿಗಳದ್ದು ಒಂದೇ ಸಮನೆ ಗಲಾಟೆ. ಬೆಳೆದ ಬಣ್ಣದ ಕೊಕ್ಕರೆಗೆ ಮಾತ್ರ ಹೆಚ್ಚುಕಡಿಮೆ ದನಿಯೇ ಇಲ್ಲ. ಜೋಡಿ ಗೂಡಿಗೆ ಬಂದಾಗ ಉದ್ದನೆ ಕೊಕ್ಕನ್ನು ಟಕಟಕ ಬಡಿದು ಮಾತಾಡುತ್ತದೆ. ಮರದಡಿ ಚಾಪೆ ಹಾಸಿ, ಚಿತ್ರಾನ್ನದ ಡಬ್ಬಿ ಬಿಚ್ಚಿ, ಆ ಸದ್ದಿಗೆ ಕಾಯುತ್ತಾ ಒಂದೂವರೆ ಗಂಟೆ ಕೂತೆವು. ಮಗ ಅಷ್ಟೂ ಹೊತ್ತು ಮಲಗಿರಲಿಲ್ಲ.

ನಿನ್ನೆ ಸಂಜೆ ಅಡುಗೆಮನೆಯಲ್ಲಿದ್ದಾಗ ನಡುಮನೆಯಿಂದ ಟಕಟಕ ಸದ್ದು ಕೇಳಿ ಇಣುಕಿದೆ. ಮಗಳು ಎರಡು ಮರದ ಚಮಚಗಳನ್ನು ಮೂಗಿನ ಮುಂದೆ ಹಿಡಿದು ಬಡಿಯುತ್ತಿದ್ದಳು. ಮೂರು ಗಾಲಿಯ ಗಾಡಿ ಹಿಡಿದು ನಿಂತಿದ್ದ ತಮ್ಮ, ಹಿಡಿ ಬಿಟ್ಟು, ಎರಡೂ ಕೈ ಅವಳತ್ತ ಚಾಚಿದ್ದ.