ಅಡುಗೆಮನೆ ಗಾಡಿಯೊಳಗಿತ್ತೇ, ಸ್ಟೇಷನ್ನಿನಲ್ಲಿತ್ತೇ?

ವೈಡಿಎಂ-4 ಡೀಸೆಲ್ ಇಂಜಿನ್ನಿನ ಸದ್ದಿನ ಬಗ್ಗೆ ಬರೆಯುತ್ತೇನೆಂದು ಹೋದ ವಾರ ಮಾತು ಕೊಟ್ಟಿದ್ದೆ. ಉಗಿಪಂಥದ ಗೆಳೆಯರು ಅಂದಿನಿಂದಲೇ ಕತ್ತಿ ಮಸೆಯುತ್ತಿದ್ದಾರೆ. ಅವರ ಲೆಕ್ಕ ಮೊದಲು ಚುಕ್ತಾ ಮಾಡಿಬಿಡೋಣ.

ಅವರ ವಾದ ಓದುಗರಿಗೆ ಬಾಯಿಪಾಠ. ಇಂಜಿನ್ ಅಂದರೆ ಉಗಿ ಇಂಜಿನ್. ವೈಪಿ, ವೈಜಿಗಳು ಗುಜರಿ ಸೇರಿದ ಮೇಲೆ ಹಳಿಯ ಮೇಲೆ ಓಡಿದ್ದೆಲ್ಲ ಡಬ್ಬ. ಹೀಗೆನ್ನುವವರಲ್ಲಿ ಬಹುಪಾಲು ಜನ ಉಗಿಗಾಡಿ ಕಂಡಿದ್ದು ಊಟಿಯಲ್ಲಿ, ರಜೆಯಲ್ಲಿ, ಕೊರಳಿಗೆ ಕ್ಯಾಮೆರಾ ನೇತುಹಾಕಿಕೊಂಡು. ಒಗೆದ ಬಿಳಿ ಅಂಗಿ ಹಾಕಿ, ಇಂಜಿನ್ನಿನ ಹಿಂದಿನ ಬೋಗಿಯಲ್ಲೇ ಕಿಟಕಿ ಸೀಟು ಹಿಡಿದು ಬೆಂಗಳೂರಿನ ಕಚೇರಿಗೆ ಹೋದವರ ಬಾಯಲ್ಲಿ ಈ ಮಾತು ಬರುವುದಿಲ್ಲ. ಕಣ್ಣಿಗೆ ಕಲ್ಲಿದ್ದಲ ಚೂರು ಬಿದ್ದರೆ ಸೆರಗಿನ ತುದಿಗೆ ಬಾಯಿಯ ಬಿಸಿ ಊದಿ ಒತ್ತುವ ಅಜ್ಜಿ ಆಗ ಬೋಗಿಗೊಬ್ಬರಾದರೂ ಇರುತ್ತಿದ್ದರು. ಉಗಿಯುಗದ ಶುಶ್ರೂಷಾ ವಿಭಾಗ ಅದು. ಅದರ ನೆನಪು ಈ ಪಂಥದ ಯಾವ ಫೋಟೊದಲ್ಲೂ ಇಲ್ಲ.

ನನ್ನ ಪಕ್ಷ ಡೀಸೆಲ್ಲು, ಅದರಲ್ಲೂ ಅಲ್ಕೊ. ನ್ಯೂಯಾರ್ಕ್ ರಾಜ್ಯದ ಸ್ಕೆನೆಕ್ಟಡಿ ಎಂಬ ಊರಿನ ಅಮೆರಿಕನ್ ಲೋಕೊಮೋಟಿವ್ ಕಂಪನಿ ನಮ್ಮ ಮೀಟರ್‌ಗೇಜಿಗೆ 1960ರ ದಶಕದ ಆರಂಭದಲ್ಲಿ ಕೊಟ್ಟ ವಿನ್ಯಾಸವೇ ವೈಡಿಎಂ-4. 1969ರಲ್ಲಿ ಆ ಕಂಪನಿ ಇಂಜಿನ್ ಕಟ್ಟುವುದನ್ನೇ ಕೈಬಿಟ್ಟಿತು. ಅದೇ ಜಾತಿಯ ಇಂಜಿನ್ನುಗಳನ್ನು ವಾರಾಣಸಿಯ ಕಾರ್ಖಾನೆ ಆಮೇಲೂ ವರ್ಷಗಟ್ಟಲೆ ಕಟ್ಟಿತು. ಹೊರಡುವಾಗ ಒಮ್ಮೆ ಕಪ್ಪು ಹೊಗೆ ಕಕ್ಕಿ, ಆಮೇಲೆ ಎದೆಯೊಳಗೆ ಡೋಲು ಬಡಿದಂತೆ ಗುಡುಗುತ್ತ ವೇಗ ಹಿಡಿಯುವ ಆ ಸದ್ದಿಗಾಗಿ ಅಮೆರಿಕದ ರೈಲುಹುಚ್ಚರು ಮ್ಯೂಸಿಯಮ್ಮುಗಳನ್ನು ಹುಡುಕಿಕೊಂಡು ಹೋಗುತ್ತಾರಂತೆ. ಚನ್ನಪಟ್ಟಣದ ಹೆಂಗಸರು ಬೆಳಗಿನ ಹಾಲು ಕಾಯಿಸುತ್ತ ಕೇಳುತ್ತಿದ್ದುದು ಅದನ್ನೇ.

ಇಷ್ಟು ಬರೆಯುವ ಹೊತ್ತಿಗೆ ಕ್ಯಾಲಿಫೋರ್ನಿಯಾದಿಂದ ನನ್ನ ತಂಗಿಯ ಮಗ ಒಂದು ಹಳೆಯ ಚಿತ್ರಪುಸ್ತಕ ಕಳಿಸಿದ. ಅಲ್ಲಿಗೆ ವೈಡಿಎಂ ಕೆಟ್ಟಿತು. ಪುಸ್ತಕ ಪೂರಾ ಅಮೆರಿಕದ ದೂರದ ಗಾಡಿಗಳು: ನ್ಯೂಯಾರ್ಕ್–ಷಿಕಾಗೊ ನಡುವೆ ಓಡುತ್ತಿದ್ದ ಟ್ವೆಂಟಿಯತ್ ಸೆಂಚುರಿ ಲಿಮಿಟೆಡ್, ಲಾಸ್ ಏಂಜಲೀಸಿನ ಸೂಪರ್ ಚೀಫ್, ರಾಕಿ ಪರ್ವತ ದಾಟುತ್ತಿದ್ದ ಕ್ಯಾಲಿಫೋರ್ನಿಯಾ ಜೆಫಿರ್. ಒಂದೊಂದೂ ಓಡುವ ಅರಮನೆ. ಟ್ವೆಂಟಿಯತ್ ಸೆಂಚುರಿ ಹತ್ತುವವರಿಗೆ ಪ್ಲಾಟ್‌ಫಾರಂ ಉದ್ದಕ್ಕೂ ಕೆಂಪು ಜಮಖಾನ, ಒಳಗೆ ಕ್ಷೌರದಂಗಡಿ, ಕಾಗದ ಬರೆದುಕೊಳ್ಳಲು ಕಾರ್ಯದರ್ಶಿ. ಜೆಫಿರಿನಲ್ಲಿ ಬೋಗಿಯ ಮೇಲೊಂದು ಗಾಜಿನ ಅಟ್ಟ. ಬೆಟ್ಟ, ಕಣಿವೆಗಳೆಲ್ಲ ಹಗಲಲ್ಲೇ ಸಿಗಬೇಕೆಂದು ವೇಳಾಪಟ್ಟಿಯನ್ನೇ ಹಾಗೆ ಹೆಣೆದಿದ್ದರು. ಟ್ವೆಂಟಿಯತ್ ಸೆಂಚುರಿ 1967ರಲ್ಲಿ ನಿಂತಿತು, ಜೆಫಿರ್ 1970ರಲ್ಲಿ. ಹೆದ್ದಾರಿ ಮತ್ತು ವಿಮಾನ ಪ್ರಯಾಣಿಕರನ್ನು ಕೊಂಡೊಯ್ದವು, ಅಂಚೆ ಇಲಾಖೆ ತನ್ನ ಟಪಾಲು ಬೋಗಿಗಳನ್ನು ಹಿಂತೆಗೆದುಕೊಂಡಿತು. ಕಂಪನಿಗಳು ಕೈ ಎತ್ತಿದ ಮೇಲೆ 1971ರ ಮೇ 1ರಂದು ಆಮ್‌ಟ್ರ್ಯಾಕ್ ಎಂಬ ಸರ್ಕಾರಿ ಕೃಪೆಯ ಸಂಸ್ಥೆ ಉಳಿದದ್ದನ್ನು ವಹಿಸಿಕೊಂಡಿತು. ಅದುವರೆಗೆ ಓಡುತ್ತಿದ್ದ ಪ್ರಯಾಣಿಕರ ಗಾಡಿಗಳಲ್ಲಿ ಸುಮಾರು ಅರ್ಧದಷ್ಟು ಅಂದೇ ರದ್ದಾದವು.

ಆ ದಿನ ದಿಲ್ಲಿಯ ರೈಲ್ವೆ ಮಂತ್ರಿ ಯಾರೆಂದು ಬಲ್ಲಿರಾ? ನಮ್ಮ ಕೆಂಗಲ್ ಹನುಮಂತಯ್ಯ. ವಿಧಾನಸೌಧದ ನೆರಳಲ್ಲಿ ಅವರ ಈ ಅಧ್ಯಾಯ ಯಾರಿಗೂ ಕಾಣುವುದಿಲ್ಲ. 1971ರ ಮಾರ್ಚಿನಿಂದ ಮುಂದಿನ ವರ್ಷದ ಜುಲೈವರೆಗೆ ಇಂದಿರಾ ಗಾಂಧಿ ಸಂಪುಟದಲ್ಲಿ ರೈಲ್ವೆ ಅವರದು. ಅಮೆರಿಕದ ಕಂಪನಿಗಳು ಪ್ರಯಾಣಿಕರೆಂದರೆ ನಷ್ಟ ಎಂದು ಬಾಗಿಲು ಹಾಕಿದಾಗ, ಪ್ರಯಾಣಿಕರು ಛಾವಣಿಯ ಮೇಲೂ ಕೂರುತ್ತಿದ್ದ ದೇಶದ ರೈಲ್ವೆಯನ್ನು ರಾಮನಗರದವರೊಬ್ಬರು ನೋಡಿಕೊಳ್ಳುತ್ತಿದ್ದರು. ಈ ಸಂಗತಿಯೇ ಒಂದು ಅಂಕಣಕ್ಕಾಗುತ್ತದೆ, ಇನ್ನೊಮ್ಮೆ ಬರೆಯುತ್ತೇನೆ.

ಈಗ ಆಮ್‌ಟ್ರ್ಯಾಕ್ ಓಡಿಸುವ ಜೆಫಿರಿನಲ್ಲೂ ಷಿಕಾಗೊದಿಂದ ಸ್ಯಾನ್ ಫ್ರಾನ್ಸಿಸ್ಕೊ ಕಡೆಗೆ ಎರಡು ಹಗಲು, ಎರಡು ರಾತ್ರಿ. ಹುಡುಗ ಅದರಲ್ಲಿ ಹೋಗಿಬಂದು ಫೋನ್ ಮಾಡಿದ್ದ. "ಮಾವ, ಬೆಟ್ಟ, ನದಿ ಎಲ್ಲ ಚೆನ್ನಾಗೇ ಇತ್ತು. ಊಟದ ಬೋಗೀಲಿ ಗುರುತಿಲ್ಲದವರ ಜೊತೆ ಒಂದೇ ಮೇಜಿಗೆ ಕೂರಿಸ್ತಾರೆ, ಅದೂ ಚೆನ್ನಾಗಿತ್ತು. ಆದ್ರೆ ಅಷ್ಟು ದೂರದಲ್ಲಿ ಒಬ್ಬ, ಒಬ್ಬೇ ಒಬ್ಬ ಕಡ್ಲೆಕಾಯಿ ಮಾರೋನು ಹತ್ತಲಿಲ್ಲ ಮಾವ."

ಈ ಒಂದು ಮಾತು ನನ್ನ ಮೂರು ಕಂತಿನ ಡೀಸೆಲ್ ಪಾಂಡಿತ್ಯಕ್ಕಿಂತ ಭಾರ. ಅವರ ಗಾಡಿ ತನ್ನ ಲೋಕವನ್ನು ಹೊಟ್ಟೆಯಲ್ಲೇ ಹೊತ್ತು ತಿರುಗಿತು: ಅಡುಗೆಮನೆ, ಪಡಸಾಲೆ, ಕ್ಷೌರಿಕ, ಮಾಳಿಗೆ. ನಮ್ಮ ಬೆಂಗಳೂರು–ಮೈಸೂರು ಲೈನಿನ ಗಾಡಿಯೊಳಗೆ ಮರದ ಬೆಂಚು ಬಿಟ್ಟರೆ ಏನಿತ್ತು? ಲೋಕವೆಲ್ಲ ಕಿಟಕಿಯಾಚೆಗಿನ ಪ್ಲಾಟ್‌ಫಾರಮ್ಮಿನಲ್ಲಿತ್ತು, ಗಾಡಿ ನಿಂತಾಗ ಕಂಬಿಗಳ ಸಂದಿಯಿಂದ ಒಳಗೆ ಬರುತ್ತಿತ್ತು.

ಮದ್ದೂರು ವಡೆಯ ಹುಟ್ಟನ್ನೇ ನೋಡಿ. ಕಥೆ ಎಲ್ಲರಿಗೂ ಗೊತ್ತು, ಅದರ ರೈಲ್ವೆ ಅರ್ಥವನ್ನು ಮಾತ್ರ ಯಾರೂ ಕೇಳಿಲ್ಲ. ಕುಂದಾಪುರ ಕಡೆಯಿಂದ ಬಂದ ರಾಮಚಂದ್ರ ಬುಧ್ಯ ಎಂಬವರು ಮದ್ದೂರು ಸ್ಟೇಷನ್ನಿನಲ್ಲಿ ತಿಂಡಿ ಮಾರುತ್ತಿದ್ದರು. 1917ರಲ್ಲಿ ಒಂದು ದಿನ ಗಾಡಿ ವೇಳೆಗೆ ಮುಂಚೆಯೇ ಬಂತಂತೆ. ಪಕೋಡ ಬಿಡಲು ಸಮಯವಿಲ್ಲ, ಕೈಗೆ ಸಿಕ್ಕ ಹಿಟ್ಟುಗಳನ್ನೆಲ್ಲ ಈರುಳ್ಳಿಯ ಜೊತೆ ಕಲಸಿ, ಅಂಗೈಯಲ್ಲಿ ತಟ್ಟಿ ಎಣ್ಣೆಗೆ ಬಿಟ್ಟರು. ವಡೆಯ ದಪ್ಪ, ಅಗಲ, ಗರಿಗರಿ ಎಲ್ಲವನ್ನೂ ತೀರ್ಮಾನಿಸಿದ್ದು ಗಾಡಿ ನಿಲ್ಲುವ ಹೊತ್ತು. ಆರಿದ ಮೇಲೂ ತಿನ್ನಬಹುದು, ಕಾಗದದಲ್ಲಿ ಸುತ್ತಿ ಕಿಟಕಿಯಿಂದ ಕೊಡಬಹುದು, ಸಾಂಬಾರಿನ ಹಂಗಿಲ್ಲ. ಅಮೆರಿಕದ ಊಟದ ಬೋಗಿಯ ಬಾಣಸಿಗನಿಗೆ ಇಂಥ ತಿಂಡಿ ಹೊಳೆಯುವ ಪ್ರಸಂಗವೇ ಇಲ್ಲ. ಅವನ ಗಿರಾಕಿ ಎಲ್ಲಿಗೂ ಓಡಿಹೋಗುವುದಿಲ್ಲವಲ್ಲ.

ಗಾಡಿ ನಿಲ್ಲುತ್ತಿದ್ದುದಕ್ಕೆ ಕಾರಣಗಳಿದ್ದವು. ಒಂದು ನೀರು: ಉಗಿ ಇಂಜಿನ್ ಕುಡಿಯದೆ ನಡೆಯದು. (ಉಗಿಪಂಥದವರಿಗೆ ಇಷ್ಟು ರಿಯಾಯಿತಿ.) ಇನ್ನೊಂದು, ದೊಡ್ಡದು, ಕ್ರಾಸಿಂಗ್. ಧಾತು ಈಶ್ವರ ಸಂವತ್ಸರಗಳ ಬರದಲ್ಲಿ, ಅಂದರೆ 1876–78ರಲ್ಲಿ, ಹಸಿದವರಿಗೆ ಕೂಲಿ ಕೊಡಲೆಂದು ಮಣ್ಣು ಕೆಲಸ ಶುರುವಾಗಿ, 1882ರಲ್ಲಿ ಮೈಸೂರು ಮುಟ್ಟಿದ ಈ ಲೈನು ಆಗ 138 ಕಿಲೋಮೀಟರ್ ಉದ್ದಕ್ಕೂ ಒಂಟಿ ಹಳಿ. ಎದುರುಬದುರು ಬರುವ ಗಾಡಿಗಳಲ್ಲಿ ಒಂದು ಸ್ಟೇಷನ್ನಿನ ಲೂಪಿನಲ್ಲಿ ಕಾಯಲೇಬೇಕು. ಮುಂದಿನ ಹಳಿ ಖಾಲಿ ಎಂಬುದರ ಗುರುತಾದ ಟೋಕನ್ ಸಿಗದೆ ಡ್ರೈವರ್ ಮುಂದಿನ ಸ್ಟೇಷನ್ನಿನ ಕಡೆ ಕಣ್ಣೆತ್ತಿಯೂ ನೋಡುವಂತಿಲ್ಲ. ಬಿಡದಿಯಲ್ಲೋ ಶೆಟ್ಟಿಹಳ್ಳಿಯಲ್ಲೋ ಪ್ಯಾಸೆಂಜರ್ ಲೂಪಿಗೆ ಹೊರಳಿತೆಂದರೆ ಜನ ಕೆಳಗಿಳಿದು ಬೀಡಿ ಹಚ್ಚಿದರು ಎಂದೇ ಅರ್ಥ. ಎಲೆಯಡಿಕೆ, ಸೌತೆಕಾಯಿ, ಸೀಬೆಹಣ್ಣು, ಚನ್ನಪಟ್ಟಣದಲ್ಲಾದರೆ ಅರಗಿನ ಬಣ್ಣದ ಬೊಂಬೆ. ಇಸ್ಪೀಟಿನವರು ಆಟ ನಿಲ್ಲಿಸುತ್ತಿರಲಿಲ್ಲ. ಕೈಮರ ಇಳಿಯಿತೋ ಇಲ್ಲವೋ ಎಂದು ನೋಡಲು ಒಬ್ಬ ಹುಡುಗನನ್ನು ಬಾಗಿಲಲ್ಲಿ ನಿಲ್ಲಿಸಿರುತ್ತಿದ್ದರು.

ರಾಮನಗರದ ಗುರುತಿಗಂತೂ ಕಣ್ಣೇ ಬೇಡ. ಫಿಲೇಚರುಗಳಲ್ಲಿ ರೇಷ್ಮೆಗೂಡು ಬೇಯುವ ವಾಸನೆ ನಿದ್ದೆಯಲ್ಲಿದ್ದವರನ್ನೂ ಎಬ್ಬಿಸಿ ಸ್ಟೇಷನ್ ಬಂತೆಂದು ಹೇಳುತ್ತಿತ್ತು. ಹೊರಗಿನವರು ಮೂಗು ಮುಚ್ಚಿಕೊಳ್ಳುತ್ತಿದ್ದರು, ನಮ್ಮವರು ಚೀಲ ಇಳಿಸಿಕೊಳ್ಳುತ್ತಿದ್ದರು.

ನನ್ನ ಈ ವಾದಕ್ಕೆ ಆಧಾರವಾಗಿ ಒಂದು ಗ್ರಂಥವಿದೆ. ರೈಲಿನ ಬಗ್ಗೆ ಬರೆದ ಪುಸ್ತಕಗಳಲ್ಲಿ ನನಗೆ ಆರ್.ಕೆ. ನಾರಾಯಣರ 'ದಿ ಗೈಡ್' (1958) ಎಲ್ಲಕ್ಕಿಂತ ಮೇಲಿನದು. ಪ್ರೇಮದ ಕಥೆ, ಸ್ವಾಮೀಜಿಯ ಕಥೆ ಎಂದು ಓದುವವರು ಓದಿಕೊಳ್ಳಲಿ. ಅದರ ಮೊದಲ ಭಾಗ ಅಪ್ಪಟ ಸ್ಟೇಷನ್ ಪುರಾಣ. ರಾಜು ಹುಡುಗನಾಗಿದ್ದಾಗ ಮನೆಯೆದುರಿಗೇ ಹಳಿ ಹಾಕುತ್ತಾರೆ. ಕೂಲಿಯವರ ಬಾಯಿಂದ ಅವನು ಬೈಗುಳ ಕಲಿಯುತ್ತಾನೆ. ಅಪ್ಪನಿಗೆ ಪ್ಲಾಟ್‌ಫಾರಮ್ಮಿನಲ್ಲಿ ಅಂಗಡಿ ಸಿಗುತ್ತದೆ. ಅಪ್ಪನ ತರುವಾಯ ಅಲ್ಲಿ ಕೂತ ರಾಜು ಹಳೆಯ ಪುಸ್ತಕ, ಪತ್ರಿಕೆಗಳನ್ನೂ ಮಾರುತ್ತಾನೆ, ಮಾರುತ್ತಲೇ ಓದುತ್ತಾನೆ. ಗಾಡಿಯಿಂದ ಇಳಿದವರು ಇಲ್ಲಿ ನೋಡುವಂಥದ್ದು ಏನಿದೆ ಎಂದು ಕೇಳಿದರೆ ಗೊತ್ತಿಲ್ಲ ಎನ್ನುವುದು ಅವನ ಜಾಯಮಾನದಲ್ಲೇ ಇಲ್ಲ. ಅಂಗಡಿಯವನು ಹೀಗೆ ಗೈಡ್ ಆಗುತ್ತಾನೆ, ರೈಲ್ವೆ ರಾಜು ಆಗುತ್ತಾನೆ. ಅವನನ್ನು ಏರಿಸಿ ಬೀಳಿಸುವ ರೋಸಿ ಕೂಡ ಬಂದಿಳಿಯುವುದು ಗಾಡಿಯಿಂದಲೇ. ಆ ಗಾಡಿಗೆ ಯಾವ ಇಂಜಿನ್ ಇತ್ತು ಎಂದು ನಾರಾಯಣರು ತಲೆಕೆಡಿಸಿಕೊಳ್ಳುವುದಿಲ್ಲ. ಮಾಲ್ಗುಡಿ ಅವರಿಗೆ ಮೊದಲು ಹೊಳೆದಾಗಲೂ ಊರಿಗೆ ಮುನ್ನ ಕಂಡದ್ದು ಅದರ ಪುಟ್ಟ ಸ್ಟೇಷನ್ನೇ. ಮೈಸೂರಿಗೆ ಓಡುವ ಗಾಡಿಯೊಂದಕ್ಕೆ ಮಾಲ್ಗುಡಿ ಎಕ್ಸ್‌ಪ್ರೆಸ್ ಎಂದು ಹೆಸರಿಟ್ಟದ್ದು ಸಂತೋಷ. ನನ್ನನ್ನು ಕೇಳಿದ್ದರೆ ಒಂದು ಟೀ ಅಂಗಡಿಗೆ ಇಡಿ ಎನ್ನುತ್ತಿದ್ದೆ.

ಇಲ್ಲೊಂದು ತಕರಾರು ವಿಲೇವಾರಿಯಾಗಬೇಕು. ರಾಮನಗರ, ರೈಲು ಎಂದು ಬರೆದಾಗಲೆಲ್ಲ 'ಶೋಲೆ'ಯನ್ನು ಮರೆತಿರೇಕೆ ಎಂದು ಒಬ್ಬರಾದರೂ ಕಾಗದ ಹಾಕುತ್ತಾರೆ. ಸ್ವಾಮಿ, ಬೆಟ್ಟ ನಮ್ಮದು, ರೈಲು ನಮ್ಮದಲ್ಲ. ದರೋಡೆಯ ದೃಶ್ಯ ತೆಗೆದದ್ದು ಪನ್ವೇಲ್ ಕಡೆ, ಬ್ರಾಡ್‌ಗೇಜಿನಲ್ಲಿ. ರಾಮದೇವರ ಬೆಟ್ಟದ ಬುಡದಲ್ಲಿ ಆಗ ಓಡುತ್ತಿದ್ದುದು ಮೀಟರ್‌ಗೇಜ್. ಆ ಇಂಜಿನ್ ಇಲ್ಲಿಗೆ ಬಂದಿದ್ದರೆ ಹಳಿಯ ಮೇಲೆ ನಿಲ್ಲುತ್ತಲೇ ಇರಲಿಲ್ಲ. ಡೇವಿಡ್ ಲೀನ್ ಕೂಡ 'ಎ ಪ್ಯಾಸೇಜ್ ಟು ಇಂಡಿಯಾ'ದ ಗುಹೆಗಳಿಗೆ ಸಾವನದುರ್ಗ, ರಾಮದೇವರ ಬೆಟ್ಟಗಳನ್ನು ಬಳಸಿಕೊಂಡು ಗಾಡಿಗೆ ನೀಲಗಿರಿಗೆ ಹೋದ. ನಮ್ಮ ಕಲ್ಲು ಎಲ್ಲರಿಗೂ ಬೇಕು, ನಮ್ಮ ಪ್ಯಾಸೆಂಜರ್ ಯಾರಿಗೂ ಬೇಡ.

ಅಮೆರಿಕದವರ ಹಳಹಳಿಕೆಗೆ ಒಂದು ಅನುಕೂಲವಿದೆ. ಅವರು ಕಳೆದುಕೊಂಡದ್ದು ಬೋಗಿ. ಬೋಗಿಯನ್ನು ತೊಳೆದು ಬಣ್ಣ ಬಳಿದು ಮ್ಯೂಸಿಯಮ್ಮಿನಲ್ಲಿ ನಿಲ್ಲಿಸಬಹುದು. ನಮ್ಮಲ್ಲಿ ಆ ಜಾತಿಯದು ಇರುವುದು ಒಂದೋ ಎರಡೋ. 1979ರಲ್ಲಿ ತೆರೆದ ಮೈಸೂರಿನ ರೈಲು ಮ್ಯೂಸಿಯಮ್ಮಿನಲ್ಲಿ ಮಹಾರಾಣಿಯವರ ಸಲೂನು ನೋಡಿ: 1899ರದು, ಅಡುಗೆಮನೆ, ಊಟದ ಕೋಣೆ ಎಲ್ಲ ಉಂಟು. ನಾನು ಹೋದಾಗಲೆಲ್ಲ ಅದರ ಮುಂದೆ ನಿಂತು ಪಾಪ ಎನ್ನಿಸುತ್ತದೆ. ಅಡುಗೆಮನೆ ಜೊತೆಯಲ್ಲೇ ಇರುವವರಿಗೆ ಮದ್ದೂರಿನಲ್ಲಿ ಇಳಿಯುವ ಗರಜೇನು? ಶಿವಮೊಗ್ಗ ಕಡೆಯ ಅರಸಾಳಿನವರು ಇದ್ದುದರಲ್ಲಿ ಜಾಣರು. 'ಮಾಲ್ಗುಡಿ ಡೇಸ್' ಧಾರಾವಾಹಿಯಲ್ಲಿ ಕಂಡ ತಮ್ಮ ಹಳೆಯ ಸ್ಟೇಷನ್ ಕಟ್ಟಡವನ್ನೇ 2020ರಲ್ಲಿ ಮ್ಯೂಸಿಯಂ ಮಾಡಿಸಿಕೊಂಡರು. ಉಳಿಸಬೇಕಾದ್ದು ಯಾವುದೆಂದು ಅವರಿಗೆ ತಿಳಿದಿತ್ತು.

ಇದರರ್ಥ ಕ್ರಾಸಿಂಗ್ ಮತ್ತೆ ಬರಲಿ ಎಂದಲ್ಲ. ಸೀಸನ್ ಟಿಕೆಟ್ಟಿನವರು ನನ್ನನ್ನು ಹೆಜ್ಜಾಲದ ಹತ್ತಿರ ಗಾಡಿಯಿಂದ ತಳ್ಳಿಬಿಟ್ಟಾರು. ಕ್ರಾಸಿಂಗಿನಿಂದ ಕೆಲಸಕ್ಕೆ ತಡವಾಗಿ ಬೈಸಿಕೊಂಡವರು, ಬಸುರಿ ಹೆಂಗಸರು, ಆಸ್ಪತ್ರೆಗೆ ಹೊರಟ ಮುದುಕರು, ಇವರಾರೂ ಹಳೆಯ ಲೈನಿಗಾಗಿ ಅಳುವುದಿಲ್ಲ. ಜಾಫರ್ ಷರೀಫ್ ಮಂತ್ರಿಯಾಗಿದ್ದಾಗ, 1990ರ ದಶಕದ ಆರಂಭದಲ್ಲಿ, ಬ್ರಾಡ್‌ಗೇಜ್ ಬಂದ ಮೇಲೆಯೇ ಮೈಸೂರಿನಿಂದ ಮದ್ರಾಸಿಗೆ ಹೋಗುವವರು ಬೆಂಗಳೂರಿನಲ್ಲಿ ಗಂಟುಮೂಟೆ ಹೊತ್ತು ಗಾಡಿ ಬದಲಿಸುವುದು ತಪ್ಪಿತು. ಆಮೇಲೆ ಜೋಡಿಹಳಿಯ ಕೆಲಸಕ್ಕೆ ಶ್ರೀರಂಗಪಟ್ಟಣದಲ್ಲಿ ಟಿಪ್ಪುವಿನ ಮದ್ದಿನ ಮನೆ ಅಡ್ಡವಾಗಿತ್ತು. 2017ರಲ್ಲಿ ಆ ಕಟ್ಟಡವನ್ನು ಇಡಿಯಾಗಿ ಎತ್ತಿ ಪಕ್ಕಕ್ಕಿಟ್ಟರು. ವಿದ್ಯುತ್ ತಂತಿಯೂ ಬಂತು. ಒಳ್ಳೆಯದೇ. ನನ್ನ ಜಗಳ ಹಳಿಯ ಜೊತೆಗಲ್ಲ. ಶತಾಬ್ದಿಯೋ 2022ರಲ್ಲಿ ಶುರುವಾದ ವಂದೇ ಭಾರತೋ ರಾಮನಗರವನ್ನು ದಾಟುವ ವಿಡಿಯೊಗೆ ಲಕ್ಷಾಂತರ ಲೈಕು ಎಣಿಸುತ್ತ, ಅದನ್ನೇ ರೈಲುಪ್ರೀತಿ ಎನ್ನುವ ಹೊಸ ಪಂಥವಿದೆಯಲ್ಲ, ಅದರ ಜೊತೆಗೆ. ಅವರ ವಿಡಿಯೊದಲ್ಲಿ ಪ್ಲಾಟ್‌ಫಾರಮ್ಮಿನ ಮೇಲಿನ ಜನ ಒಂದು ಬಣ್ಣದ ಗೀರು. ಉಗಿಪಂಥದವರೇ ವಾಸಿ, ಅವರ ಫೋಟೊದ ಮೂಲೆಯಲ್ಲಾದರೂ ಒಬ್ಬ ಕಾಫಿ ಮಾರುವವನು ನಿಂತಿರುತ್ತಾನೆ.

ಹೆದ್ದಾರಿಯೂ ಇದೇ ಪಾಠ ಒಪ್ಪಿಸುತ್ತಿದೆ. 2023ರ ಎಕ್ಸ್‌ಪ್ರೆಸ್‌ವೇ ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರುಗಳೊಳಗೆ ಇಳಿಯದೆ ಹೋಗುತ್ತದೆ. ತಟ್ಟೆ ಇಡ್ಲಿಯವರು, ಬೊಂಬೆಯವರು, ವಡೆಯವರು ಗಿರಾಕಿಗೆ ಕಾಯುತ್ತ ಹಳೆಯ ರಸ್ತೆಯಲ್ಲಿದ್ದಾರೆ.

ಇದನ್ನೆಲ್ಲ ಓದಿ ಕೇಳಿಸಿದಾಗ ಕನಕಪುರದ ನನ್ನ ಗೆಳೆಯ ನಗಲಿಲ್ಲ, ರೇಗಿದ. ಕನಕಪುರಕ್ಕೂ ಮಾಗಡಿಗೂ ಮೀಟರ್‌ಗೇಜೂ ಬರಲಿಲ್ಲ, ಬ್ರಾಡ್‌ಗೇಜೂ ಬರಲಿಲ್ಲ. ಹೆಜ್ಜಾಲದಿಂದ ಕನಕಪುರದ ಮೇಲೆ ಚಾಮರಾಜನಗರಕ್ಕೆ ಹೋಗುವ ಲೈನು 1990ರ ದಶಕದಲ್ಲಿ ಮಂಜೂರಾದದ್ದು ಇನ್ನೂ ಕಡತದಲ್ಲೇ ಇದೆ. ಗೆಳೆಯ ಮಾತ್ರ ಸ್ಟೇಷನ್ ಎಲ್ಲಿ ಬರಬೇಕು, ಅದರಲ್ಲಿ ತನ್ನ ಅಂಗಡಿ ಯಾವ ಕಂಬದ ಪಕ್ಕ ಇರಬೇಕು ಎಂದು ಆಗಲೇ ತೀರ್ಮಾನ ಮಾಡಿದ್ದಾನೆ. ಈಗಿನ ಗಾಡಿಗಳು ಒಂದು ನಿಮಿಷಕ್ಕಿಂತ ಹೆಚ್ಚು ನಿಲ್ಲುವುದಿಲ್ಲ ಕಣಯ್ಯ, ಎಣ್ಣೆ ಕಾಯುವಷ್ಟರಲ್ಲಿ ಹೊರಟುಹೋಗುತ್ತವೆ ಎಂದೆ.

"ಎಣ್ಣೆ ನಾನು ಕಾಯಿಸಿಟ್ಕೊಂಡಿರ್ತೀನಿ," ಎಂದ. "ಹಳಿ ಯಾವಾಗ ಹಾಕ್ತಾರೆ ಅದು ಹೇಳು."