ಹೆಸರು ಬದಲಾಯಿತು, ಗಂಗೂಲಿ ಉಳಿಯಿತು

ಹೋದ ವಾರ ಮಗಳ ಸ್ಕೂಲಿನಿಂದ ಒಂದು ಹಾಳೆ ಬಂತು. ಹತ್ತನೇ ಕ್ಲಾಸಿನ ಬೋರ್ಡಿಗೆ ಹೋಗುವ ಹೆಸರು ಸರಿಯಿದೆಯೇ ನೋಡಿ ಸಹಿ ಹಾಕಿ ಕಳಿಸಬೇಕಂತೆ. ಪುಣೆಯ ಪದ್ಧತಿಯಂತೆ ಮೂರು ಖಾನೆ: ಸರ್‌ನೇಮ್, ಹೆಸರು, ತಂದೆಯ ಹೆಸರು. ಮೂರನೆಯದರಲ್ಲಿ ನನ್ನ ಹೆಸರು, ಮೊದಲನೆಯದರಲ್ಲೂ ನನ್ನದೇ ಹೆಸರು. ಆ ಮೊದಲನೆಯದಕ್ಕೆ ಟೀಚರು ಪೆನ್ಸಿಲಿನಲ್ಲಿ ಸುತ್ತು ಹಾಕಿ ಪಕ್ಕದಲ್ಲಿ ಪ್ರಶ್ನಾರ್ಥಕ ಚಿಹ್ನೆ ಇಟ್ಟಿದ್ದರು.

ಹಳೇ ಮೈಸೂರು ಕಡೆಯವರಿಗೆ ಈ ಚಿಹ್ನೆ ಹೊಸದೇನಲ್ಲ. ನಮ್ಮದು ಊರಿನ ಒಂದಕ್ಷರ, ಅಪ್ಪನ ಒಂದಕ್ಷರ, ಆಮೇಲೆ ನಾವು. ಧಾರವಾಡ, ಗದಗದ ಕಡೆಯ ಗೆಳೆಯರಿಗೆ ಈ ತಾಪತ್ರಯವಿಲ್ಲ. ಉಳ್ಳಾಗಡ್ಡಿ, ಮೆಣಸಿನಕಾಯಿ, ಅಂಗಡಿ, ಬಡಿಗೇರ ಎಂಬ ಅವರ ಅಡ್ಡಹೆಸರುಗಳು ಮರಾಠಿಯ 'ಆಡನಾವ್' ಖಾನೆಯಲ್ಲಿ ಸಲೀಸಾಗಿ ಕೂರುತ್ತವೆ. ನನ್ನ ಪಾಸ್‌ಪೋರ್ಟಿನಲ್ಲಿ ಇನಿಶಿಯಲ್ ಬಿಡಿಸಿ ಬರೆದಾಗ ಊರೇ ಸರ್‌ನೇಮ್ ಆಯಿತು. 2007ರಲ್ಲಿ ಆನ್‌ಸೈಟ್ ಹೋದಾಗ ಅಮೆರಿಕದ ಕ್ಲೈಂಟು ನನ್ನನ್ನು ಮಿಸ್ಟರ್ ಹಾಕಿ ನಮ್ಮೂರಿನ ಹೆಸರಿಡಿದು ಕರೆಯುತ್ತಿದ್ದ. ಮೂರು ತಿಂಗಳು ನಾನು ಮನುಷ್ಯನಾಗಿರಲಿಲ್ಲ, ಒಂದು ಹೋಬಳಿ ಕೇಂದ್ರವಾಗಿದ್ದೆ.

ಜುಂಪಾ ಲಾಹಿರಿಯವರ 'ದ ನೇಮ್‌ಸೇಕ್' (2003) ಕಾದಂಬರಿಯನ್ನು ಮೊದಲು ಓದಿದ್ದು ಆ ಮೂರು ತಿಂಗಳಲ್ಲೇ. ಒಂದೇ ವಾರಾಂತ್ಯದಲ್ಲಿ ಮುಗಿಸಿ, ಇದು ನನ್ನದೇ ಕಥೆ ಎಂದು ಹೆಂಡತಿಗೆ ಫೋನು ಮಾಡಿದ್ದೆ. ಈ ವಾರ ಹಾಳೆಯನ್ನು ಪಕ್ಕದಲ್ಲಿಟ್ಟುಕೊಂಡು ಮತ್ತೆ ಓದಿದೆ. ಈಗಲೂ ಒಳ್ಳೆಯ ಕಾದಂಬರಿಯೇ. ಆದರೆ ನನ್ನ ಕಥೆ ಅಲ್ಲ.

ಓದದವರಿಗಾಗಿ ಚುಟುಕಾಗಿ ಹೇಳುತ್ತೇನೆ. 1968ರಲ್ಲಿ ಮ್ಯಾಸಚೂಸೆಟ್ಸ್‌ನ ಕೇಂಬ್ರಿಜ್‌ನಲ್ಲಿ ಅಶೋಕ್, ಆಶಿಮಾ ಗಂಗೂಲಿ ದಂಪತಿಗೆ ಮಗ ಹುಟ್ಟುತ್ತಾನೆ. ಹೆಸರಿಡಬೇಕಾದವರು ಕಲ್ಕತ್ತೆಯಲ್ಲಿರುವ ಆಶಿಮಾಳ ಅಜ್ಜಿ. ಅವರು ಹೆಸರು ಬರೆದು ಹಾಕಿದ ಕಾಗದ ಅಂಚೆಯಲ್ಲಿ ಕಳೆದುಹೋಗುತ್ತದೆ. ಹೆಸರಿಲ್ಲದೆ ಮಗುವನ್ನು ಮನೆಗೆ ಕಳಿಸುವಂತಿಲ್ಲ ಎನ್ನುತ್ತದೆ ಆಸ್ಪತ್ರೆ. ಬಂಗಾಳಿಗಳಲ್ಲಿ ಮನೆಯಲ್ಲಿ ಕರೆಯಲು ಡಾಕ್‌ನಾಮ್, ಹೊರಗಿನ ಲೋಕಕ್ಕೆ ಭಾಲೋನಾಮ್. ಸದ್ಯಕ್ಕೆ ಡಾಕ್‌ನಾಮ್ ಇರಲಿ ಎಂದು ಅಪ್ಪ ಸೂಚಿಸುವ ಹೆಸರು ಗೊಗೋಲ್. ವರ್ಷಗಳ ಹಿಂದೆ ರೈಲು ಅಪಘಾತದಲ್ಲಿ ಅವನ ಜೀವ ಉಳಿದದ್ದು ನಿಕೊಲಾಯ್ ಗೊಗೋಲನ 'ಓವರ್‌ಕೋಟ್' ಕಥೆಯ ಹಾಳೆ ಕೈಯಲ್ಲಿದ್ದ ಕಾರಣಕ್ಕೆ. ಆ ಮನೆಯ ಹೆಸರೇ ಸರ್ಟಿಫಿಕೇಟಿಗೆ ಹತ್ತಿ ಕೂರುತ್ತದೆ. ಹುಡುಗ ಕಾಲೇಜಿಗೆ ಹೋಗುವ ಮುಂಚೆ ಕೋರ್ಟಿಗೆ ಹೋಗಿ ನಿಖಿಲ್ ಆಗುತ್ತಾನೆ.

ಲೇಖಕಿಯ ಸ್ವಂತ ಅನುಭವವೂ ಇದರ ಹಿಂದಿದೆ. 'ಜುಂಪಾ' ಅವರ ಮನೆಯ ಹೆಸರು. ಭಾಲೋನಾಮ್ ನೀಲಾಂಜನಾ ಸುದೇಷ್ಣಾ. ಸ್ಕೂಲಿನವರಿಗೆ ಜುಂಪಾ ಅನ್ನುವುದೇ ಸುಲಭವಾಯಿತು, ಅದೇ ಉಳಿಯಿತು.

ಕಾದಂಬರಿ ಗಟ್ಟಿಯಾಗಿರುವುದು ಇಂಥ ಸಣ್ಣ ಜಾಗಗಳಲ್ಲಿ. ಆಶಿಮಾ ಗಂಡನನ್ನು ಹೆಸರಿಡಿದು ಕರೆಯುವುದಿಲ್ಲ. ಅದು ಅವಳ ಬಾಯಿಗೇ ಬರುವುದಿಲ್ಲ. ಒಡಪು ಕಟ್ಟಿ ಮಾತ್ರ ಗಂಡನ ಹೆಸರು ಹೇಳುವ ನಮ್ಮ ಉತ್ತರ ಕರ್ನಾಟಕದ ಹೆಂಗಸರನ್ನು ಕಂಡವರಿಗೆ ಇದರಲ್ಲಿ ವಿವರಿಸುವಂಥದ್ದೇನೂ ಇಲ್ಲ. ಅಮೆರಿಕದ ಓದುಗರಿಗೆ ಲಾಹಿರಿ ಕೊಂಚ ಹೆಚ್ಚೇ ವಿವರಿಸುತ್ತಾರೆ, ಅದು ಬೇರೆ ಮಾತು. ಇನ್ನೊಂದು ಜಾಗ ಸ್ಮಶಾನದ್ದು. ಆರನೇ ಕ್ಲಾಸಿನ ಮಕ್ಕಳನ್ನು ಹಳೆಯ ಗೋರಿಗಳ ಹತ್ತಿರ ಕರೆದೊಯ್ದು, ಕಲ್ಲಿನ ಮೇಲಿನ ಹೆಸರುಗಳನ್ನು ಕಾಗದಕ್ಕೆ ಉಜ್ಜಿ ತೆಗೆಯಲು ಹೇಳುತ್ತಾರೆ. ಉಳಿದ ಮಕ್ಕಳು ತಮ್ಮ ಮನೆತನದ ಹೆಸರು ಹುಡುಕುತ್ತಾರೆ. ಗಂಗೂಲಿ ಅಲ್ಲಿ ಇಲ್ಲ, ಇರುವುದೂ ಇಲ್ಲ. ತನ್ನವರನ್ನು ಹೂಳುವುದಿಲ್ಲ, ಸುಡುತ್ತಾರೆ ಎಂಬುದು ಹುಡುಗನಿಗೆ ಹೊಳೆಯುತ್ತದೆ. ಯಾರೂ ಇಟ್ಟುಕೊಳ್ಳದ ಹಳೆಯ ಪ್ಯೂರಿಟನ್ ಹೆಸರುಗಳನ್ನು ಅವನು ಉಜ್ಜಿ ಮನೆಗೆ ತಂದರೆ ಅಮ್ಮನಿಗೆ ಮೈ ಜುಮ್ಮೆನ್ನುತ್ತದೆ. ಸತ್ತವರ ಹೆಸರನ್ನು ಫ್ರಿಜ್ಜಿಗೆ ಅಂಟಿಸುವುದೆಂದರೇನು? ಇಡೀ ಕಾದಂಬರಿಯಲ್ಲಿ ನನಗೆ ಅತ್ಯಂತ ಇಷ್ಟವಾದ ಪುಟಗಳು ಇವು.

'ಓವರ್‌ಕೋಟ್' ಓದಿದವರಿಗೆ ಇನ್ನೊಂದು ಸುಖವೂ ಇದೆ. ಅಲ್ಲೂ ನಾಮಕರಣವೇ ಒಂದು ಪೇಚು. ಪಂಚಾಂಗದ ಹೆಸರು ಒಂದೂ ತಾಯಿಗೆ ಒಗ್ಗದೆ, ಕೊನೆಗೆ ಅಪ್ಪನದೇ ಹೆಸರಿಟ್ಟು ಮಗು ಅಕಾಕಿ ಅಕಾಕಿಯೆವಿಚ್ ಆಗುತ್ತದೆ. ಅಂದರೆ ಅಕಾಕಿಯ ಮಗ ಅಕಾಕಿ. ಅವನ ಮನೆತನದ ಹೆಸರು ಬಷ್ಮಾಚ್ಕಿನ್, ಬೂಟು ಎಂಬ ಪದದಿಂದ ಬಂದದ್ದು. ಗೊಗೋಲ್ ಅದನ್ನೂ ಬಿಡದೆ ಎತ್ತಿ ಗೇಲಿ ಮಾಡುತ್ತಾನೆ.

ಲಾಹಿರಿ ಎತ್ತದೆ ಬಿಡುವುದು ಇದನ್ನೇ. ಅವರ ನಾಯಕ ಮೊದಲ ಹೆಸರನ್ನು ಹುಣ್ಣಿನಂತೆ ಕೆರೆದುಕೊಳ್ಳುತ್ತಾನೆ. ಎರಡನೆಯದು ಮೈಗೆ ಅಂಟಿದ ಚರ್ಮ, ಅದರ ಬಗ್ಗೆ ಯೋಚನೆಯೇ ಇಲ್ಲ. ಗಂಗೂಲಿ ಎಂದರೆ ಗಂಗೋಪಾಧ್ಯಾಯ, ಬ್ರಿಟಿಷರ ಬಾಯಲ್ಲಿ ಮೊಟಕಾದದ್ದು. ಅದರ ಬಾಲದಲ್ಲಿ 'ಉಪಾಧ್ಯಾಯ' ಇದೆ, ಬಂಗಾಳದ ಕುಲೀನ ಬ್ರಾಹ್ಮಣರ ಹೆಸರು. ಬ್ರಿಟಿಷರ ಮಾತು ಕಾದಂಬರಿಯಲ್ಲಿ ಬರುತ್ತದೆ. ಉಪಾಧ್ಯಾಯನ ಮಾತು ಒಂದು ಪ್ರಶ್ನೆಯಾಗಿ ಬರುವುದಿಲ್ಲ. ಒಮ್ಮೆ ಮಾತ್ರ ಆ ಹೆಸರಿಗೆ ಪೆಟ್ಟು ಬೀಳುತ್ತದೆ: ಯಾರೋ ಪೋಲಿ ಹುಡುಗರು ಮನೆಯ ಅಂಚೆ ಪೆಟ್ಟಿಗೆಯ ಮೇಲಿನ ಅಕ್ಷರ ಕಿತ್ತು 'ಗ್ಯಾಂಗ್‌ಗ್ರೀನ್' ಎಂದು ಗೀಚುತ್ತಾರೆ. ಮಗನಿಗೆ ಅವಮಾನವಾಗುತ್ತದೆ, ಅಪ್ಪ ಹುಡುಗಾಟ ಎಂದು ತಳ್ಳಿಹಾಕುತ್ತಾನೆ. ಮೊದಲ ಓದಿನಲ್ಲಿ ಅದನ್ನು ವಲಸಿಗನ ಸಹನೆ ಎಂದುಕೊಂಡಿದ್ದೆ. ಈಗ ಅನ್ನಿಸುತ್ತದೆ, ತಲೆಮಾರುಗಳಿಂದ ಯಾರೂ ಕೆಣಕದ ಹೆಸರು ಹೊತ್ತವನಿಗೆ ಮಾತ್ರ ಅಷ್ಟು ನಿರಾಳ ಸಾಧ್ಯ.

ಅನ್ಯಾಯದ ಮಾತಾಡುತ್ತಿದ್ದೇನೆಯೇ? ಇರಬಹುದು. ಅಮೆರಿಕದಲ್ಲಿ ಗಂಗೂಲಿ ಬರೀ ಒಂದು ಪರದೇಶಿ ಹೆಸರು. ವಿಮಾನ ಹತ್ತಿದವರು ಜಾತಿಯನ್ನು ಮರೆತಂತೆ ಬದುಕುವುದೂ ನಿಜವೇ. ಆದರೆ ನಾವು ವಿಮಾನ ಹತ್ತಲಿಲ್ಲ, ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿದವರು. ಪುಣೆಯಲ್ಲೋ ದಿಲ್ಲಿಯಲ್ಲೋ ಬಾಡಿಗೆ ಮನೆಯ ಮಾಲೀಕ 'ಪೂರಾ ನಾಮ್?' ಎಂದು ಕೇಳಿದಾಗ ಅವನಿಗೆ ಬೇಕಾದದ್ದು ನಮ್ಮ ಡಾಕ್‌ನಾಮ್ ಅಲ್ಲ.

ಈ ವಿಷಯಕ್ಕೆ ನಮಗೆ ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' (1967) ಹೆಚ್ಚು ಹತ್ತಿರ. ಅದು ಹೆಸರಿನ ಕುರಿತ ಕಾದಂಬರಿ ಅಲ್ಲವೇ ಅಲ್ಲ. ಆದರೂ ಅದರಲ್ಲಿ ಯಾರ ಹೆಸರು ಎಷ್ಟು ಉದ್ದ ಎಂದು ನೋಡಿ. ಸಿಂಬಾವಿ ಭರಮೈಹೆಗ್ಗಡೆ, ಹೂವಳ್ಳಿ ವೆಂಕಪ್ಪನಾಯಕ, ಬೆಟ್ಟಳ್ಳಿ ಕಲ್ಲಯ್ಯಗೌಡ: ಊರು, ಹೆಸರು, ಪದವಿ, ಮೂರೂ ಸೇರಿ ಗದ್ದೆ ತೋಟದಷ್ಟು ಹರಡಿಕೊಂಡಿವೆ. ಹೊಲೆಯರ ಆಳಿಗೆ ಗುತ್ತಿ ಅಷ್ಟೇ. ಜೊತೆಗೆ ಸದಾ ನಾಯಿ ಇರುವುದರಿಂದ ನಾಯಿಗುತ್ತಿ. ಒಡೆಯನ ಹಿಂದೆ ಊರು ನಿಂತಿದೆ, ಆಳಿನ ಹಿಂದೆ ಹುಲಿಯ ಎಂಬ ನಾಯಿ. ಕುವೆಂಪು ಇದರ ಮೇಲೆ ಟೀಕೆ ಬರೆಯುವುದಿಲ್ಲ. ಸುಮ್ಮನೆ ಆ ಎರಡಕ್ಷರದ ಮನುಷ್ಯನನ್ನು ಉದ್ದ ಹೆಸರಿನ ಎಲ್ಲ ಮನೆಗಳಿಗೂ ಅಲೆದಾಡಿಸಿ, ಕಾದಂಬರಿಯ ದಾರಿಯನ್ನೇ ಅವನ ಕಾಲಿಗೆ ಕಟ್ಟುತ್ತಾರೆ. ತುಂಬಿದ ತುಂಗೆಯಲ್ಲಿ ಹುಲಿಯ ಕೊಚ್ಚಿಹೋದ ಮೇಲೆ ಆ ಅಡ್ಡಹೆಸರಿನಲ್ಲಿ ಉಳಿಯುವುದೇನು ಎಂದು ಯೋಚಿಸಿದವರಿಗೆ, ಕೋರ್ಟಿನಲ್ಲಿ ನಿಂತ ನಿಖಿಲನ ಸಂಕಟ ಕೊಂಚ ಹಗುರಾಗಿ ಕಾಣುವುದು ಸಹಜ.

ಬರೆದವರು ಕುಪ್ಪಳ್ಳಿ ವೆಂಕಟಪ್ಪ ಪುಟ್ಟಪ್ಪ. ತಂದೆ ವೆಂಕಟಪ್ಪಗೌಡ, ಮಗನ ಹೆಸರಲ್ಲಿ ಗೌಡ ಇಲ್ಲ. ನಮ್ಮಪ್ಪ ಹಳ್ಳಿಯ ಮೇಷ್ಟ್ರು, ಕುವೆಂಪು ಭಕ್ತರು. ನನ್ನನ್ನು ಒಂದನೇ ಕ್ಲಾಸಿಗೆ ಸೇರಿಸುವಾಗ ಅವರೂ ಗೌಡ ಬಿಟ್ಟೇ ಬರೆಸಿದರು. ಮದರಾಸಿನ ಕಡೆ ಪೆರಿಯಾರರ ಸ್ವಾಭಿಮಾನ ಚಳವಳಿಯವರು 1929ರಲ್ಲಿ ಚೆಂಗಲ್ಪಟ್ಟಿನಲ್ಲಿ ಸಮ್ಮೇಳನ ಮಾಡಿ, ನಿರ್ಣಯ ಕೈಗೊಂಡು ಜಾತಿಯ ಬಾಲ ಕತ್ತರಿಸಿದರು. ನಮ್ಮಪ್ಪ ಸದ್ದಿಲ್ಲದೆ ಹೆಡ್ಮಾಸ್ಟರ ಮೇಜಿನ ಮುಂದೆ ಕತ್ತರಿಸಿದರು. ಅದರ ಬಗ್ಗೆ ನನಗೆ ಹೆಮ್ಮೆಯಿದೆ. ಗೌಡ ಬಿಟ್ಟಿದ್ದಕ್ಕೆ ನಮ್ಮ ಮೂರು ಎಕರೆಯೇನೂ ಹೋಗಲಿಲ್ಲ, ಊರಿನಲ್ಲಿ ಕುರ್ಚಿಯೂ ಹೋಗಲಿಲ್ಲ ಎಂಬುದನ್ನೂ ಹೇಳಬೇಕು. ಗುತ್ತಿಯ ಮೊಮ್ಮಗ ಏನನ್ನು ಬಿಟ್ಟರೆ ಆ ಕುರ್ಚಿ ಸಿಗುತ್ತಿತ್ತು?

ನನ್ನ ಭಾಮೈದ ಬೆಂಗಳೂರಿನಲ್ಲಿದ್ದಾನೆ. ಅವನ ಮಗನ ಹೆಸರಿಗೆ ಗೌಡ ವಾಪಸ್ ಬಂದಿದೆ. 'ಈಗ ಎಲ್ಲರೂ ಹಾಕ್ತಾರೆ ಭಾವ, ಫಾರಂಗೂ ಸುಲಭ' ಎನ್ನುತ್ತಾನೆ. ಹೆಂಡತಿಗೂ ಅದೇ ಸರಿ ಅನ್ನಿಸಿದೆ. ಮದುವೆಯಾಗುವ ತನಕ ಮಗಳು ಅಪ್ಪನ ಹೆಸರನ್ನು ಎರಡೆರಡು ಸಲ ಹೊರಬೇಕೇ ಎಂದು ಅವಳು ಕೇಳಿದಾಗ ನನ್ನ ಬಳಿ ಜವಾಬಿರಲಿಲ್ಲ. ಜಾತಿ ಹೋಗಿ ಆ ಜಾಗಕ್ಕೆ ಅಪ್ಪ ಬಂದು ಕೂತಿದ್ದಾನೆ, ನಿಜ. ಅಕಾಕಿ ಅಕಾಕಿಯೆವಿಚ್ ಕಥೆಯೇ ಇದು.

ಮಗಳು ಈಗ ನನ್ನ 'ನೇಮ್‌ಸೇಕ್' ಪ್ರತಿ ಎತ್ತಿಕೊಂಡಿದ್ದಾಳೆ. ನಿನ್ನೆ ರಾತ್ರಿ ಅಂಚೆ ಪೆಟ್ಟಿಗೆಯ ಪುಟಕ್ಕೆ ಬಂದಿದ್ದಳು. 'ಅಪ್ಪಾ, ಅವನ ಅಪ್ಪಂಗೆ ಸಿಟ್ಟೇ ಬರಲ್ವಾ?' ಎಂದಳು. ಪೂರ್ತಿ ಓದು ಎಂದೆ. ಹಾಳೆ ಅವಳ ಪುಸ್ತಕದೊಳಗೇ ಗುರುತಿಗೆ ಸೇರಿಕೊಂಡಿದೆ, ಪೆನ್ಸಿಲಿನ ಸುತ್ತು ಹಾಗೇ ಇದೆ. ಶುಕ್ರವಾರ ಕೊನೆಯ ದಿನ.