ಪುರುಸೊತ್ತಿಲ್ಲದ ಲಂಡನ್

ಕನ್ನಡದಲ್ಲಿ ಲಂಡನ್ ಪ್ರವಾಸದ ಬಗ್ಗೆ ಬರೆದದ್ದನ್ನು ಓದುತ್ತಾ ಹೋದರೆ ಒಂದು ವಾಕ್ಯ ಮತ್ತೆ ಮತ್ತೆ ಸಿಗುತ್ತದೆ: ಬಿಗ್ ಬೆನ್ ಅನ್ನೋದು ಗಡಿಯಾರದ ಹೆಸರಲ್ಲ, ಗೋಪುರದೊಳಗಿನ ಗಂಟೆಯ ಹೆಸರು. ನಿಜ. ಗೋಪುರಕ್ಕೆ 2012ರಲ್ಲಿ ಎಲಿಜಬೆತ್ ರಾಣಿಯ ಹೆಸರಿಟ್ಟದ್ದೂ ನಿಜ. ಆದರೆ ಆ ಗಂಟೆ ಹೊಡೆದಾಗ ಬರೆದವರು ಎಲ್ಲಿ ನಿಂತಿದ್ದರು, ಜೊತೆಗಿದ್ದ ಅಮ್ಮ ಏನಂದರು, ಮಗು ಎಷ್ಟು ಏಟು ಎಣಿಸಿತು? ಅದು ಇರುವುದಿಲ್ಲ. ಮುಂದಿನ ಪ್ಯಾರಾದಲ್ಲಿ ಆಗಲೇ ಟವರ್ ಬ್ರಿಡ್ಜ್ ಬಂದಿರುತ್ತದೆ.

ಸಂಸಾರ ಸಮೇತ ಹೋಗಿರುತ್ತಾರೆ, ಬರಹದಲ್ಲಿ ಸಂಸಾರ ಕಾಣುವುದಿಲ್ಲ. ರಜೆಗೆ ಅಂತಲೇ ಹೋಗಿರುತ್ತಾರೆ, ಬರಹದಲ್ಲಿ ರಜೆ ಕಾಣುವುದಿಲ್ಲ. ನನ್ನ ತಕರಾರು ಇಷ್ಟೇ.

ಇದು ಇನ್‌ಸ್ಟಾಗ್ರಾಮ್ ತಂದ ಕಾಯಿಲೆ ಅಂತ ಬೈದುಬಿಡೋದು ಸುಲಭ. ಆದರೆ ಇದರ ಬೇರು ಹಳೆಯದು. ಕನ್ನಡಕ್ಕೆ ಯುರೋಪು ಬಂದದ್ದು ಓದಲು, ಭಾಷಣ ಮಾಡಲು, ನೋಡಿ ಕಲಿಯಲು ಹೋದವರ ಮೂಲಕ. ವಿ.ಕೃ. ಗೋಕಾಕರು ಆಕ್ಸ್‌ಫರ್ಡ್‌ಗೆ ಓದಲು ಹೋದರು, ‘ಸಮುದ್ರದಾಚೆಯಿಂದ’ ಬರೆದರು. ಶಿವರಾಮ ಕಾರಂತರು ‘ಅಪೂರ್ವ ಪಶ್ಚಿಮ’ ಬರೆದರು. ಆಗ ವಿದೇಶ ಅಂದರೆ ಜೀವಮಾನಕ್ಕೊಂದು ಸಲ, ಊರಿಗೊಬ್ಬರು. ಹೋದವರ ತಲೆ ಮೇಲೆ ಹೋಗಲಾರದವರ ಋಣ ಇರುತ್ತಿತ್ತು. ಯಾವ ಕಟ್ಟಡ, ಎಷ್ಟು ಎತ್ತರ, ಯಾರು ಕಟ್ಟಿಸಿದ್ದು, ಅಲ್ಲಿಯ ಜನ ಏನು ತಿಂತಾರೆ, ಎಲ್ಲವನ್ನೂ ವರದಿ ಒಪ್ಪಿಸಬೇಕು. ಹಳ್ಳಿಯ ಲೈಬ್ರರಿಯಲ್ಲಿ ಆ ಪುಸ್ತಕ ಹಿಡಿದು ಕೂತವನಿಗೆ ಅದೇ ಪ್ಲೇನು, ಅದೇ ವೀಸಾ. ಆ ಬರಹಗಳಲ್ಲಿ ಮಾಹಿತಿ ತುಂಬಿದ್ದಕ್ಕೆ ನ್ಯಾಯವಾದ ಕಾರಣವಿತ್ತು.

ಈಗ ಆ ಕಾರಣ ಹೋಗಿದೆ, ಅಭ್ಯಾಸ ಮಾತ್ರ ಉಳಿದಿದೆ. ಗೋಪುರದ ಎತ್ತರ ಫೋನಿನಲ್ಲಿದೆ. ಆದರೂ ನಾವು ವರದಿ ಒಪ್ಪಿಸುತ್ತಲೇ ಇದ್ದೇವೆ, ಯಾರಿಗೆ ಅಂತ ಗೊತ್ತಿಲ್ಲದೆ.

ಹಳಬರಲ್ಲೇ ಬೇರೆ ದಾರಿಯೂ ಇತ್ತು. ಜಿ.ಎಸ್. ಶಿವರುದ್ರಪ್ಪನವರ ಎರಡು ಪುಸ್ತಕಗಳ ಹೆಸರು ನೋಡಿ. ಒಂದು ‘ಮಾಸ್ಕೋದಲ್ಲಿ ಇಪ್ಪತ್ತೆರಡು ದಿನ’. ಇನ್ನೊಂದು ‘ಇಂಗ್ಲೆಂಡಿನಲ್ಲಿ ಚತುರ್ಮಾಸ’. ಮೊದಲನೆಯದು ದಿನ ಎಣಿಸುತ್ತದೆ. ಎರಡನೆಯದು ಎಣಿಸೋದು ಬಿಟ್ಟು ಕೂತುಕೊಳ್ಳುತ್ತದೆ. ಚತುರ್ಮಾಸ ಅಂದರೆ ಸನ್ಯಾಸಿಗಳು ಮಳೆಗಾಲದಲ್ಲಿ ತಿರುಗಾಟ ನಿಲ್ಲಿಸಿ ಒಂದೇ ಕಡೆ ಇರುವ ವ್ರತ. ಯಾವಾಗ ನೋಡಿದರೂ ಮಳೆ ಬೀಳುವ ಇಂಗ್ಲೆಂಡಿಗೆ ಇದಕ್ಕಿಂತ ಒಳ್ಳೆಯ ಹೆಸರು ಇನ್ಯಾರಿಗೂ ಹೊಳೆಯಲಿಕ್ಕಿಲ್ಲ. ಪ್ರವಾಸ ಅಂದರೆ ಅಲ್ಲಿ ‘ಇರೋದು’ ಅನ್ನುವ ಕಲ್ಪನೆ ಆ ಒಂದು ಪದದಲ್ಲೇ ಇದೆ.

ಕೈಲಾಸಂ ಇನ್ನೂ ಒಂದು ಹೆಜ್ಜೆ ಮುಂದೆ. ಭೂಗರ್ಭಶಾಸ್ತ್ರ ಓದಲು ಲಂಡನ್ನಿಗೆ ಹೋಗಿ ವರ್ಷಗಟ್ಟಲೆ ಇದ್ದರು. ಅಲ್ಲಿಂದ ಕನ್ನಡಕ್ಕೆ ಅವರು ತಂದದ್ದರಲ್ಲಿ ಜನರ ಬಾಯಲ್ಲಿ ಇಂದಿಗೂ ಉಳಿದದ್ದು ಒಂದು ಹಾಡು. ಸೈನಿಕರು ಹಾಡುತ್ತಿದ್ದ ‘ಟಿಪ್ಪರರಿ’ ಅವರ ಬಾಯಲ್ಲಿ ನಮ್ಮ ‘ತಿಪ್ಪಾರಳ್ಳಿ’ ಆಯಿತು. ಒಂದು ಊರಿನ ಗಾಳಿ ಕುಡಿದವನಿಗೆ ಮಾತ್ರ ಹೀಗೆ ಆ ಊರನ್ನು ಸಲೀಸಾಗಿ ತನ್ನೂರಿಗೆ ಹೊತ್ತು ತರೋಕೆ ಆಗುತ್ತದೆ.

ನೇಮಿಚಂದ್ರ ಅವರ ‘ಒಂದು ಕನಸಿನ ಪಯಣ’ ಬೇರೆಯದೇ ಒಂದು ಗೋಡೆ ಒಡೆಯಿತು. ಎಚ್‌ಎಎಲ್‌ನಲ್ಲಿ ಎಂಜಿನಿಯರ್ ಆಗಿದ್ದ ಹೆಣ್ಣುಮಗಳು ಗೆಳತಿಯ ಜೊತೆ ಯುರೋಪ್ ಸುತ್ತಿದಳು ಅನ್ನೋದೇ ಎಷ್ಟೋ ಓದುಗರಿಗೆ ಧೈರ್ಯ ಕೊಟ್ಟ ಸುದ್ದಿ. ಆದರೆ ಅಪ್ಪ, ಅಮ್ಮ, ಹೆಂಡತಿ, ಮಕ್ಕಳು, ಮಂಡಿನೋವು, ಅನ್ನದ ಆಸೆ ಎಲ್ಲವನ್ನೂ ಕಟ್ಟಿಕೊಂಡು ಒಂದೇ ಊರಲ್ಲಿ ಎಂಟು ದಿನ ಇದ್ದ ಕಥೆಯನ್ನು ನಾನು ಓದಿದ ಮಟ್ಟಿಗೆ ಯಾರೂ ಬರೆದಿಲ್ಲ. ಇವತ್ತು ನಮ್ಮಲ್ಲಿ ಹೆಚ್ಚಿನವರು ಹೋಗೋದು ಹಾಗೇ. ಅದೇ ಬರಹಕ್ಕೆ ಬರುತ್ತಿಲ್ಲ.

ಬರದಿರೋಕೆ ಒಂದು ಕಾರಣ, ಹೋದಾಗಲೇ ಅದಕ್ಕೆ ಜಾಗ ಕೊಟ್ಟಿರೋದಿಲ್ಲ. ನಮ್ಮ ಐಟಿ ಮಂದಿಯ ಪ್ರವಾಸದ ಎಕ್ಸೆಲ್ ಶೀಟು ನೋಡಬೇಕು. ಅರ್ಧರ್ಧ ಗಂಟೆಗೆ ಒಂದು ಸಾಲು, ಮುಗಿದದ್ದಕ್ಕೆ ಹಸಿರು ಬಣ್ಣ. ಆಫೀಸಿನ ಸ್ಪ್ರಿಂಟು ಮುಗಿಸಿ ರಜೆ ಹಾಕಿ, ಇನ್ನೊಂದು ಸ್ಪ್ರಿಂಟಿಗೆ ಅಪ್ಪ ಅಮ್ಮನನ್ನು ಸೇರಿಸಿಕೊಂಡ ಹಾಗೆ. ಪ್ಯಾಕೇಜ್ ಟೂರಿನಲ್ಲಿ ಹೋಗಿ ಬಂದ ನಮ್ಮ ಸಂಬಂಧಿಕರೊಬ್ಬರು ಹೇಳಿದ್ದು: ‘ಎಲ್ಲಾ ನೋಡುದ್ವಿ ಕನಪ್ಪ. ಏನ್ ನೋಡುದ್ವಿ ಅಂತ ಫೋಟೋ ನೋಡಿ ಯೋಳ್ಬೇಕು.’

‘ಅಷ್ಟು ದುಡ್ಡು ಸುರಿದು ಹೋಗಿ ಬೆಂಚಿನ ಮೇಲೆ ಕೂರೋದಾ?’ ಈ ಪ್ರಶ್ನೆಯನ್ನು ತಳ್ಳಿಹಾಕೋಕೆ ಆಗಲ್ಲ. ಟಿಕೆಟ್ಟು, ವೀಸಾ, ಸಿಗುವ ಹತ್ತು ದಿನದ ರಜೆ, ಅಪ್ಪ ಅಮ್ಮನಿಗೆ ಮತ್ತೆ ಹೋಗುವಷ್ಟು ಕಾಲು ಗಟ್ಟಿ ಇರುತ್ತೋ ಇಲ್ಲವೋ ಅನ್ನೋ ಭಯ. ಎಣಿಕೆ ಹುಟ್ಟೋದು ಇಲ್ಲಿಂದಲೇ, ಅದರಲ್ಲಿ ಪ್ರೀತಿಯೂ ಇದೆ. ಆದರೆ ಲಂಡನ್ನಿನ ಲೆಕ್ಕವೇ ಬೇರೆ. ಬ್ರಿಟಿಷ್ ಮ್ಯೂಸಿಯಂ, ನ್ಯಾಷನಲ್ ಗ್ಯಾಲರಿ, ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂ, ಎಲ್ಲಕ್ಕೂ ಪ್ರವೇಶ ಪುಕ್ಕಟೆ. ದುಡ್ಡು ಕೊಟ್ಟು ಒಳಗೆ ಹೋದರೆ ವಸೂಲಿ ಮಾಡುವ ತನಕ ಹೊರಗೆ ಬರಲು ಮನಸ್ಸಾಗದು. ಪುಕ್ಕಟೆಯಾದರೆ ಅರ್ಧ ಗಂಟೆ ನೋಡಿ ಬಂದು, ನಾಳೆ ಮತ್ತೆ ಹೋಗಬಹುದು.

ವಿ ಅಂಡ್ ಎ ಮ್ಯೂಸಿಯಂನಲ್ಲಿ ಟಿಪ್ಪುವಿನ ಹುಲಿ ಇದೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಹೊತ್ತುಕೊಂಡು ಹೋದ ಮರದ ಯಂತ್ರ. ನಮ್ಮ ಪ್ರವಾಸ ಬರಹಗಳಲ್ಲಿ ಇದಕ್ಕೆ ಒಂದು ನಿಟ್ಟುಸಿರು, ಒಂದು ‘ಲೂಟಿ’ ಅನ್ನೋ ಪದ, ಮುಗೀತು. ಲೂಟಿ ಹೌದು. ಆದರೆ ಅದರ ಹೊಟ್ಟೆಯೊಳಗೆ ತಿದಿಗಳಿವೆ, ಆರ್ಗನ್ನಿನ ಕೊಳವೆಗಳಿವೆ. ಹಿಡಿ ತಿರುಗಿಸಿದರೆ ಕೆಳಗೆ ಬಿದ್ದ ಸಿಪಾಯಿಯ ಕೈ ಅಲುಗಿ, ಅವನ ನರಳಾಟ, ಹುಲಿಯ ಗುರುಗುಟ್ಟು ಎರಡೂ ಕೇಳುವ ಹಾಗೆ ಮಾಡಿದ್ದಾರೆ. ಮಕ್ಕಳು ಇದನ್ನು ಬಿಟ್ಟು ಕದಲೋದಿಲ್ಲ. ಅವರನ್ನು ಎಳೆದುಕೊಂಡು ಹೋಗೋದು ನಾವೇ.

ಇನ್ನು ಬಸವಣ್ಣ. 2015ರ ನವೆಂಬರ್ 14ರಂದು ಥೇಮ್ಸ್ ದಂಡೆಯ ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್‌ನಲ್ಲಿ ಪ್ರಧಾನಿ ಮೋದಿ ಅನಾವರಣ ಮಾಡಿದ ಪುತ್ಥಳಿ. ಕನ್ನಡದ ಕುಟುಂಬಗಳು ಇಲ್ಲಿಗೆ ಬಾರದೆ ಇರೋದು ಕಮ್ಮಿ. ಹತ್ತು ನಿಮಿಷ, ನಾಲ್ಕು ಫೋಟೋ, ಹಸಿರು ಬಣ್ಣ. ಆದರೆ ಬಸವಣ್ಣನ ಎದುರಿಗೇ ಲಂಡನ್ನಿನ ದೊಡ್ಡ ವಿಸ್ಮಯವೊಂದು ನಡೆಯುತ್ತಿರುತ್ತದೆ. ಸಮುದ್ರದ ಉಬ್ಬರ ನಗರದೊಳಕ್ಕೆ ನುಗ್ಗಿ, ಪಶ್ಚಿಮದ ಟೆಡ್ಡಿಂಗ್ಟನ್ ತನಕ ಹೋಗುತ್ತದೆ. ದಿನಕ್ಕೆರಡು ಸಲ ಥೇಮ್ಸ್ ಹಿಂದಕ್ಕೆ ಹರಿಯುತ್ತದೆ. ಲಂಡನ್ ಬ್ರಿಡ್ಜಿನ ಹತ್ತಿರ ದೊಡ್ಡ ಉಬ್ಬರದ ದಿನ ನೀರಿನ ಏರಿಳಿತ ಸುಮಾರು ಏಳು ಮೀಟರ್. ಇದನ್ನು ನೋಡಲು ಟಿಕೆಟ್ ಇಲ್ಲ, ಗಂಟೆಗಟ್ಟಲೆ ಪುರುಸೊತ್ತು ಬೇಕು.

ಕಪಿಲೆಯ ಕಡೆಯ ನಮ್ಮ ಹಂಪಾಪುರದಿಂದ ಬಂದ ಅಪ್ಪನಿಗೆ ಅದು ಕಂಡದ್ದು ಪುರುಸೊತ್ತಿನಿಂದಲೇ. ‘ನೋಡ್ಲಾ, ಹೊಳೆ ಮೇಲಕ್ಕೆ ಹೋಯ್ತಾ ಅದೆ’ ಅಂದರು. ಹೊಗೆಸೊಪ್ಪಿನ ಬ್ಯಾರನ್ ಮುಂದೆ ಹಗಲು ರಾತ್ರಿ ಬೆಂಕಿ ಕಾದ ಮನುಷ್ಯ. ಒಂದೇ ಜಾಗದಲ್ಲಿ ಕೂತು ಒಂದನ್ನೇ ನೋಡೋದು ಅವರಿಗೆ ಯಾರೂ ಕಲಿಸಬೇಕಾಗಿಲ್ಲ. ಸೇಂಟ್ ಪಾಲ್ಸ್ ಕೆಥೆಡ್ರಲ್ ನೋಡಿ ಅಮ್ಮ, ‘ಇದು ನಮ್ಮ ಲಲಿತಮಹಲ್ ಇದ್ದಂಗದೆ’ ಅಂದರು. ಲಲಿತಮಹಲನ್ನು ಕಟ್ಟಿದ್ದೇ ಇದರ ಮಾದರಿಯಲ್ಲಿ. ಗೈಡ್ ಹೇಳುವ ಮೊದಲೇ ಅಮ್ಮ ಅದನ್ನು ತಿರುಗುಮುರುಗಾಗಿ, ಮೈಸೂರಿನ ಕಡೆಯಿಂದ ಕಂಡುಕೊಂಡಿದ್ದರು. ಇಂಥ ಮಾತುಗಳು ನಮ್ಮ ಪ್ರವಾಸ ಕಥನಗಳಲ್ಲಿ ‘ಮಾಹಿತಿ’ ಅಲ್ಲ ಅಂತ ಬಿಟ್ಟುಹೋಗುತ್ತವೆ. ನನ್ನ ಪ್ರಕಾರ ಕನ್ನಡಕ್ಕೆ ಹೊಸದಾಗಿ ಸಿಗಬಹುದಾದ ಮಾಹಿತಿ ಇದೊಂದೇ.

ನಮ್ಮ ಕಡೆ ಬೇಸಿಗೆ ರಜೆಗೆ ಅಜ್ಜಿ ಮನೆಗೆ ಹೋಗಿ ಬಂದವರನ್ನು ‘ಏನೇನು ನೋಡಿದೆ’ ಅಂತ ಯಾರೂ ಕೇಳುತ್ತಿರಲಿಲ್ಲ. ‘ಎಷ್ಟು ದಿನ ಇದ್ದೆ’ ಅಂತ ಕೇಳುತ್ತಿದ್ದರು. ಆ ಪ್ರಶ್ನೆ ಇಟ್ಟುಕೊಂಡು ಯಾರಾದರೂ ಲಂಡನ್ ಬಗ್ಗೆ, ಪ್ಯಾರಿಸ್ ಬಗ್ಗೆ ಬರೆಯಲಿ. ಯಾವ ಬಸ್ ಸ್ಟಾಪಿನಲ್ಲಿ ಮಳೆಗೆ ನಿಂತಿರಿ, ಯಾವ ಅಂಗಡಿಯಲ್ಲಿ ಅಕ್ಕಿ ಸಿಕ್ಕಿತು, ನಾಲ್ಕನೇ ದಿನ ಯಾರು ಯಾರ ಜೊತೆ ಮಾತು ಬಿಟ್ಟರು, ಐದನೇ ದಿನ ಯಾವ ಬೆಂಚಿನಲ್ಲಿ ರಾಜಿಯಾಯಿತು, ಅದನ್ನು ಬರೆಯಿರಿ. ಬಿಗ್ ಬೆನ್ ಗಂಟೆಯ ಹೆಸರು ಅಂತ ನಮಗೆ ಗೊತ್ತಾಗಿದೆ.